ಪೀಣ್ಯದ ಒಂದು ಸ್ಟಾಕಿಂಗ್ ಸರ್ವಿಸ್: ಪ್ಯಾನಲ್ ಮಾಡುವವರು ತಗೋಬಹುದಾ?

ಪ್ಯಾನಲ್ ಬೋರ್ಡ್ (ಕಟ್ಟಡ, ಫ್ಯಾಕ್ಟರಿಗಳಲ್ಲಿ ಕರೆಂಟ್ ಹಂಚುವ ಸ್ವಿಚ್ ಪೆಟ್ಟಿಗೆ) ಮಾಡುವ ಸಣ್ಣ ಯೂನಿಟ್‌ಗಳಿಗೆ ಅಂತಲೇ ಪೀಣ್ಯದ ಒಬ್ಬ ಡಿಸ್ಟ್ರಿಬ್ಯೂಟರ್ ನಡೆಸುವ ಸ್ಟಾಕಿಂಗ್ ಸರ್ವಿಸ್ ಬಗ್ಗೆ ಇದು. ಹೆಸರು ಹಾಕುವುದಿಲ್ಲ. ಹೊಗಳಿಕೆಯ ಜೊತೆ ಬೈಗುಳವೂ ಇದೆ, ನಾಳೆಯೂ ಅವರ ಹತ್ತಿರವೇ ಮಾಲು ತಗೋಬೇಕು. ಈ ಥರದ ಸರ್ವಿಸ್ ಬೇರೆಯವರೂ ಕೊಡುತ್ತಾರೆ, ಯಾರ ಹತ್ತಿರ ಹೋದರೂ ಕೇಳಬೇಕಾದ ಪ್ರಶ್ನೆಗಳು ಇವೇ.

ವ್ಯವಸ್ಥೆ ಸರಳ. ಮೂರು ತಿಂಗಳಿಗೆ ಎಷ್ಟು ಎಂಸಿಸಿಬಿ (ಲೋಡ್ ಮಿತಿ ಮೀರಿದರೆ ಕರೆಂಟ್ ಕಡಿಯುವ ಬ್ರೇಕರ್), ಎಷ್ಟು ಕಾಂಟ್ಯಾಕ್ಟರ್ (ಮೋಟಾರ್ ಆನ್-ಆಫ್ ಮಾಡುವ ಸ್ವಿಚ್), ಎಷ್ಟು ಡ್ರೈವ್ (ಮೋಟಾರಿನ ವೇಗ ಹಿಡಿತದಲ್ಲಿಡುವ ಸಾಧನ) ಬೇಕಾಗಬಹುದು ಅಂತ ನಾವು ಅಂದಾಜು ಕೊಡಬೇಕು, ಸ್ವಲ್ಪ ಅಡ್ವಾನ್ಸ್ ಕಟ್ಟಬೇಕು. ಅವರು ಮಾಲು ತರಿಸಿ ತಮ್ಮ ಗೋಡೌನಿನಲ್ಲಿ ನಮ್ಮ ಹೆಸರಿಗೆ ಇಟ್ಟಿರುತ್ತಾರೆ. ಫೋನ್ ಮಾಡಿದರೆ ಕಳಿಸುತ್ತಾರೆ. ಇದಕ್ಕೆ ರೇಟು ಸ್ವಲ್ಪ ಜಾಸ್ತಿ. ಎಲೆಕ್ಟ್ರಿಕಲ್ ಅಂಗಡಿಗಳ ಬಿವಿಕೆ ಅಯ್ಯಂಗಾರ್ ರೋಡಿನಲ್ಲಿ ಇದಕ್ಕಿಂತ ಕಡಿಮೆಗೆ ಸಿಗುತ್ತೆ ಅಂತ ನಮ್ಮ ಪಾರ್ಟ್‌ನರ್ ಇವತ್ತಿಗೂ ಗೊಣಗುತ್ತಾರೆ. ಸಿಗುತ್ತದೆ, ಸುಳ್ಳಲ್ಲ. ಲಗ್ಗು, ಗ್ಲ್ಯಾಂಡು, ಪಿವಿಸಿ ಚಾನೆಲ್ಲು, ಇಂಡಿಕೇಟರ್ ಲ್ಯಾಂಪು ಎಲ್ಲ ನಾವೂ ಪೇಟೆಯಿಂದಲೇ ತರುವುದು. ಒಂದು ಮೇಕ್ (ಕಂಪನಿಯ ಮಾಲು) ಸಿಗದಿದ್ದರೆ ಇನ್ನೊಂದು, ಯಾರೂ ಕೇಳುವುದಿಲ್ಲ.

ಬ್ರೇಕರ್ ಹಾಗಲ್ಲ. ಕನ್ಸಲ್ಟೆಂಟ್ ಕೊಟ್ಟ ಅಪ್ರೂವ್ಡ್ ಮೇಕ್ ಲಿಸ್ಟ್ ಒಂದು ಕಡೆ, ಪ್ಯಾನಲ್‌ಗಳಿಗೆ ಇರುವ ಅಂತರರಾಷ್ಟ್ರೀಯ ಸ್ಟ್ಯಾಂಡರ್ಡ್ ಐಇಸಿ 61439 ಇನ್ನೊಂದು ಕಡೆ. ಶಾರ್ಟ್ ಸರ್ಕ್ಯೂಟ್ ಟೆಸ್ಟ್, ಟೆಂಪರೇಚರ್ ರೈಸ್ ಟೆಸ್ಟ್ ಎಲ್ಲ ಆಗಿರುವುದು ಒಂದು ಮೇಕಿನ ಬ್ರೇಕರ್ ಹಾಕಿದ ಪ್ಯಾನಲ್‌ಗೆ, ಅದನ್ನು ತೆಗೆದು ಬೇರೆ ಮೇಕ್ ಕೂರಿಸಿದರೆ ಆ ರಿಪೋರ್ಟ್ ತೋರಿಸಿ ಕೆಲಸ ಮುಗಿಸಲು ಆಗುವುದಿಲ್ಲ, ಮತ್ತೆ ಹೊಸದಾಗಿ ಲೆಕ್ಕ ಒಪ್ಪಿಸಬೇಕು. ಅದೂ ಬಿಡಿ, ಬಾಗಿಲಿನ ಕಟೌಟ್ ಬೇರೆ, ಬಸ್‌ಬಾರ್ (ಕರೆಂಟ್ ಹರಿಯುವ ತಾಮ್ರದ ಪಟ್ಟಿ) ಲಿಂಕ್ ಬೇರೆ, ರೋಟರಿ ಹ್ಯಾಂಡಲ್ ಬೇರೆ. ಅಂದರೆ ಒಂದು ಐಟಂ ಬರಲಿಲ್ಲ ಅಂದ್ರೆ ಇಡೀ ಪ್ಯಾನಲ್ ಶೆಡ್ಡಿನಲ್ಲಿ ನಿಂತಿರುತ್ತದೆ. ತಡವಾದರೆ ವಾರಕ್ಕೆ ಅರ್ಧ ಪರ್ಸೆಂಟ್ ಕಟ್ ಅನ್ನುವ ಕಂಡೀಷನ್ ನಮ್ಮ ಆರ್ಡರ್‌ಗಳಲ್ಲಿ ಮಾಮೂಲಿ. ಹಾಗೆ ನೋಡಿದರೆ ಸ್ಟಾಕಿಂಗ್‌ಗೆ ಕೊಡುವ ಹೆಚ್ಚಿನ ರೇಟು ದೊಡ್ಡದೇನಲ್ಲ. 2021ರಲ್ಲಿ ಚಿಪ್ ಸಿಗದೆ ಡ್ರೈವ್, ಪಿಎಲ್‌ಸಿಗೆ (ಮೆಷಿನ್ ನಡೆಸುವ ಸಣ್ಣ ಕಂಪ್ಯೂಟರ್) ತಿಂಗಳುಗಟ್ಟಲೆ ಕಾದವರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ.

ಇವರಲ್ಲಿ ನನಗೆ ತುಂಬಾ ಹಿಡಿಸಿದ್ದು ಆಕ್ಸೆಸರಿಗಳ ವಿಷಯ. ಅಂದಾಜಿನ ಫಾರ್ಮಿನಲ್ಲೇ ಅದಕ್ಕೆ ಬೇರೆ ಕಾಲಂ ಇದೆ: ಸ್ಪ್ರೆಡರ್ (ಬ್ರೇಕರ್ ಟರ್ಮಿನಲ್ ಅಗಲಿಸುವ ಪಟ್ಟಿ), ಆಕ್ಸಿಲರಿ ಕಾಂಟ್ಯಾಕ್ಟ್ (ಆನ್ ಇದೆಯೋ ಆಫ್ ಇದೆಯೋ ಹೇಳುವ ಪುಟ್ಟ ಸ್ವಿಚ್), ಶಂಟ್ ಕಾಯಿಲ್ (ದೂರದಿಂದ ಸಿಗ್ನಲ್ ಕೊಟ್ಟು ಬ್ರೇಕರ್ ಟ್ರಿಪ್ ಮಾಡಿಸುವುದು). ಕೌಂಟರಿನಲ್ಲಿ ಕೂರುವ ಹುಡುಗ ನಮ್ಮ ಸಿಂಗಲ್ ಲೈನ್ ಡ್ರಾಯಿಂಗ್ (ಪ್ಯಾನಲ್‌ನ ಸರ್ಕ್ಯೂಟ್ ನಕ್ಷೆ) ನೋಡಿ, "ಸರ್, ಫೈರ್ ಅಲಾರಂ ಟ್ರಿಪ್ ತೋರಿಸಿದ್ದೀರಿ, ಕಾಯಿಲ್ 24 ವೋಲ್ಟ್ ಡಿಸಿನೋ 230 ಎಸಿನೋ ಬರೆದಿಲ್ವಲ್ಲ" ಅಂತ ಕೇಳಿದ. ಮಾಲು ಮಾರುವವರ ಬಾಯಲ್ಲಿ ಈ ಪ್ರಶ್ನೆ ಬರುವುದು ಅಪರೂಪ. ಪ್ಯಾನಲ್ ನಿಲ್ಲುವುದು ದೊಡ್ಡ ಏಸಿಬಿ (ಮೇನ್ ಬ್ರೇಕರ್) ಬರಲಿಲ್ಲ ಅಂತ ಅಲ್ಲ, ಅದನ್ನು ಎಲ್ಲರೂ ಮೊದಲೇ ಬುಕ್ ಮಾಡಿರುತ್ತಾರೆ. ನಿಲ್ಲುವುದು ಅಂಗೈಯಲ್ಲಿ ಹಿಡಿಯುವ ಈ ಕಾಯಿಲ್‌ಗೆ. ಇನ್ನೊಂದು, ಕಂಪನಿಯ ಟೆಸ್ಟ್ ಸರ್ಟಿಫಿಕೇಟ್ ಮಾಲಿನ ಜೊತೆಗೇ ಬರುತ್ತದೆ, ಇನ್‌ಸ್ಪೆಕ್ಷನ್ ದಿನ ಓಡಾಡುವ ಗೋಳಿಲ್ಲ.

ಈಗ ಬೈಗುಳ. ನಮ್ಮ ಹೆಸರಿಗೆ ಇಟ್ಟಿದ್ದೇವೆ ಅಂದ ಕಾಂಟ್ಯಾಕ್ಟರ್‌ಗಳು ಕಂಪ್ಯೂಟರಿನಲ್ಲಿ ಮಾತ್ರ ಇದ್ದವು. ಕೇಳಲು ಹೋದರೆ ರ‍್ಯಾಕ್ ಖಾಲಿ, ಯಾರೋ ದೊಡ್ಡ ಗಿರಾಕಿಗೆ ಅರ್ಜೆಂಟ್ ಅಂತ ಕೊಟ್ಟಿದ್ದರಂತೆ, "ಮುಂದಿನ ವಾರ ಬರುತ್ತೆ ಸರ್" ಅನ್ನುವ ಹಳೇ ರಾಗ. ನಾವು ಅಡ್ವಾನ್ಸ್ ಕಟ್ಟಿದ್ದು ಯಾತಕ್ಕೆ ಹಾಗಾದ್ರೆ? ಜಗಳ ಆದ ಮೇಲೆ ನಮ್ಮ ಟ್ಯಾಗ್ ಹಾಕಿದ ಬೇರೆ ರ‍್ಯಾಕ್ ಕೊಟ್ಟರು, ಶನಿವಾರ ಶನಿವಾರ ಅದರ ಫೋಟೊ ಕಳಿಸುತ್ತಾರೆ. ನೀವು ಸೇರುವುದಾದರೆ ಇದನ್ನು ಮೊದಲ ದಿನವೇ ಬರೆಸಿಕೊಳ್ಳಿ. ನಮ್ಮ ಮಾಲು ಬೇರೆಯವರಿಗೆ ಹೋದರೆ ಅವರಿಗೆ ಏನು ದಂಡ ಅನ್ನುವುದನ್ನೂ ಬರೆಸಿ.

ಡ್ರೈವ್‌ಗಳ ಕತೆ ಇನ್ನೂ ಸೂಕ್ಷ್ಮ. ಉಪ್ಪಿನಕಾಯಿ ಥರ ಇಟ್ಟಷ್ಟೂ ಒಳ್ಳೆಯದು ಅನ್ನುವ ಮಾಲಲ್ಲ ಅದು. ಒಳಗಿನ ಎಲೆಕ್ಟ್ರೊಲಿಟಿಕ್ ಕೆಪಾಸಿಟರ್ ಕರೆಂಟಿಲ್ಲದೆ ವರ್ಷಗಟ್ಟಲೆ ಕೂತರೆ ಸೊರಗುತ್ತದೆ, ಆಮೇಲೆ ಸೀದಾ ಫುಲ್ ವೋಲ್ಟೇಜ್ ಕೊಟ್ಟರೆ ಢಮಾರ್ ಅನ್ನಬಹುದು, ಹಾಗಾಗಿ ಕಂಪನಿ ಮ್ಯಾನ್ಯುವಲ್ ಹೇಳಿದಂತೆ ನಿಧಾನವಾಗಿ ವೋಲ್ಟೇಜ್ ಏರಿಸಿ ರೀಫಾರ್ಮ್ ಮಾಡಬೇಕು. ಇವರು ನಮಗೆ ಕಳಿಸಿದ ಒಂದು ಡ್ರೈವ್ ಡಬ್ಬಿಯ ಮೇಲಿನ ತಯಾರಿಕೆ ತಿಂಗಳು ನೋಡಿ ಗಾಬರಿಯಾಯಿತು. ಹೊಸ ಮಾಲು ಮುಂದೆ, ಹಳೆಯದು ಹಿಂದೆ ಜೋಡಿಸಿದ್ದರು, ಕೊನೆಗೆ ನಮ್ಮ ಪಾಲಿಗೆ ಹಿಂದಿನದು. ವಾಪಸ್ ತಗೊಂಡರು, ಆದರೆ ಸುಮ್ನೆ ಅಲ್ಲ, ನಾಲ್ಕು ಮೇಲ್ ಹೋದ ಮೇಲೆ. ವಾರಂಟಿಯೂ ಸಾಮಾನ್ಯವಾಗಿ ಡಿಸ್ಪ್ಯಾಚ್‌ನಿಂದಲೋ ಬಿಲ್ಲಿನಿಂದಲೋ ಶುರು. ಅದಕ್ಕೆ ಬಿಲ್ ಮಾಡುವುದು ಮಾಲು ನಮ್ಮ ಗೇಟಿಗೆ ಬರುವಾಗ ಮಾತ್ರ, ರ‍್ಯಾಕಿಗೆ ಇಡುವಾಗ ಅಲ್ಲ ಅಂತ ಪಟ್ಟು ಹಿಡಿಯಿರಿ.

ತಾಮ್ರಕ್ಕೆ ಈ ಸರ್ವಿಸ್ ಇಲ್ಲ. ಬಸ್‌ಬಾರ್ ರೇಟಿನ ತಲೆನೋವು ಪೂರ್ತಿ ನಮ್ಮದೇ. ತೂತ್ತುಕುಡಿಯ ತಾಮ್ರದ ಸ್ಮೆಲ್ಟರ್ (ಅದಿರು ಕರಗಿಸುವ ಕಾರ್ಖಾನೆ) 2018ರಲ್ಲಿ ಮುಚ್ಚಿದ ಮೇಲೆ, ತಾಮ್ರ ಹೊರಗೆ ಕಳಿಸುತ್ತಿದ್ದ ದೇಶ ತರಿಸಿಕೊಳ್ಳುವ ದೇಶವಾಯಿತು. ಲಂಡನ್ ಮೆಟಲ್ ಎಕ್ಸ್‌ಚೇಂಜ್‌ನ ತಾಮ್ರದ ರೇಟು 2021ರಲ್ಲಿ ಟನ್ನಿಗೆ 10,000 ಡಾಲರ್ ದಾಟಿತು, 2024ರಲ್ಲಿ ಮತ್ತೆ ದಾಟಿತು. ಸರ್ಕಾರಿ ಟೆಂಡರ್ ಆದರೆ ಐಇಇಎಂಎ (ಎಲೆಕ್ಟ್ರಿಕಲ್ ತಯಾರಕರ ಸಂಘ) ಫಾರ್ಮುಲಾ ಪ್ರಕಾರ ಬೆಲೆ ಏರಿಳಿತ ಕೇಳುವ ದಾರಿ ಇರುತ್ತದೆ, ಪ್ರೈವೇಟ್ ಬಿಲ್ಡರ್ ಹತ್ತಿರ ಆ ಮಾತೆತ್ತಿದರೆ ಆರ್ಡರ್ರೇ ಹೋಯಿತು. ನಾವು ಕೊಟೇಷನ್ನಿನಲ್ಲಿ ತಾಮ್ರದ ಅಂದಿನ ರೇಟು ಬರೆದು, ಅವಧಿ ಒಂದು ವಾರ ಅಂತ ಹಾಕುತ್ತೇವೆ. ಟ್ರಾನ್ಸ್‌ಫಾರ್ಮರ್ ಮಾಡುವವರಿಗಂತೂ ಈ ಸರ್ವಿಸ್‌ನಿಂದ ಹೆಚ್ಚು ಉಪಯೋಗ ಇಲ್ಲ, ಅವರ ಚಿಂತೆ ಕೋರಿಗೆ ಹಾಕುವ ಸಿಆರ್‌ಜಿಓ ಸ್ಟೀಲಿನದು, ಅದರಲ್ಲಿ ಬಹುಪಾಲು ಹೊರದೇಶದಿಂದ ಬರಬೇಕು.

ಐದಕ್ಕೆ ಮೂರೂವರೆ ಕೊಡುತ್ತೇನೆ. ತಿಂಗಳಿಗೆ ಒಂದೆರಡು ಪ್ಯಾನಲ್ ಮಾಡುವವರಿಗೆ ಅಡ್ವಾನ್ಸ್ ಕಟ್ಟಿ ಕೂರುವುದು ದಂಡ, ಆರ್ಡರ್ ಬಂದಾಗ ಬುಕ್ ಮಾಡಿದರೆ ಸಾಕು. ಒಂದೇ ಮೇಕಿನ ಕೆಲಸ ಸತತವಾಗಿ ಇರುವವರು ಧಾರಾಳವಾಗಿ ಸೇರಬಹುದು. ನಾವು ಈ ಸಲ ಬ್ರೇಕರ್, ಕಾಂಟ್ಯಾಕ್ಟರ್, ಆಕ್ಸೆಸರಿ ಮಾತ್ರ ಮುಂದುವರಿಸಿ, ಡ್ರೈವ್‌ಗಳನ್ನು ಲಿಸ್ಟಿನಿಂದ ತೆಗೆಸಿದ್ದೇವೆ.