ಚೆಕ್ ಎಂಜಿನ್ ಲೈಟ್ ಉರಿದಾಗ ಕೈ ಹಿಡಿಯುವ ಸ್ಕ್ಯಾನರ್ ಯಾವುದು?

ಡ್ಯಾಶ್‌ಬೋರ್ಡಿನಲ್ಲಿ ಹಳದಿ ಎಂಜಿನ್ ಗುರುತು ಹೊತ್ತಿಕೊಂಡಾಗ ಕೊಳ್ಳಬಹುದಾದ ಸಾಧನಗಳು ಮುಖ್ಯವಾಗಿ ಮೂರು ಬಗೆ. ಬೆಂಕಿಪೊಟ್ಟಣದಷ್ಟು ಗಾತ್ರದ, ಫೋನಿಗೆ ಬ್ಲೂಟೂತ್‌ನಲ್ಲಿ ಜೋಡಿಸುವ ಅಗ್ಗದ ಇಎಲ್‌ಎಂ327 ಅಡಾಪ್ಟರ್ ಒಂದು. ಸ್ವಂತ ಪರದೆ, ಬಟನ್‌ಗಳಿರುವ ತಂತಿಯ ಕೋಡ್ ರೀಡರ್ ಇನ್ನೊಂದು. ಒಬಿಡಿಲಿಂಕ್ ಎಂಎಕ್ಸ್ ಪ್ಲಸ್‌ನಂಥ ದುಬಾರಿ ಅಡಾಪ್ಟರ್ ಮೂರನೆಯದು. ಎಂಜಿನ್ನಿನ ಕಂಪ್ಯೂಟರ್ (ಇಸಿಯು) ದಾಖಲಿಸಿದ ದೋಷದ ಸಂಖ್ಯೆಯನ್ನು, ಅಂದರೆ ಕೋಡನ್ನು, ಮೂರೂ ಓದುತ್ತವೆ, ಮೂರೂ ಲೈಟ್ ನಂದಿಸುತ್ತವೆ. ಹಾಗಾಗಿ ಆ ಎರಡು ಕೆಲಸ ನೋಡಿ ಯಾವುದನ್ನೂ ಆರಿಸಬೇಡಿ. ಕೇಳಬೇಕಾದ ಪ್ರಶ್ನೆ ಬೇರೆ: ಫ್ರೀಜ್ ಫ್ರೇಮ್ (ಕೋಡ್ ದಾಖಲಾದ ಗಳಿಗೆಯ ಎಂಜಿನ್ ಅಂಕಿಗಳು) ತೋರಿಸುತ್ತದೆಯೇ? ಎಂಜಿನ್ ಓಡುತ್ತಿರುವಾಗಿನ ಲೈವ್ ಡೇಟಾ ಕೊಡುತ್ತದೆಯೇ? ಲೈಟ್ ಹತ್ತುವಷ್ಟು ಇನ್ನೂ ಖಚಿತವಾಗದ ದೋಷಗಳನ್ನು, ಅಂದರೆ ಪೆಂಡಿಂಗ್ ಕೋಡ್‌ಗಳನ್ನು, ಬೇರೆಯಾಗಿ ಓದುತ್ತದೆಯೇ? ರೆಡಿನೆಸ್ ಮಾನಿಟರ್ (ಇಸಿಯು ತನ್ನ ಸ್ವಯಂಪರೀಕ್ಷೆ ಮುಗಿಸಿದೆಯೇ ಎಂಬ ಸೂಚನೆ) ಕಾಣುತ್ತದೆಯೇ? ಮೊದಲೆರಡು ಇಲ್ಲದ ಸಾಧನ ಎಷ್ಟು ಅಗ್ಗಕ್ಕೆ ಸಿಕ್ಕರೂ ಬೇಡ.

ಕೋಡ್ ಹೇಳುವುದು ಇಸಿಯು ಗಮನಿಸಿದ ಲಕ್ಷಣವನ್ನು. ಕೆಟ್ಟಿರುವ ಬಿಡಿಭಾಗದ ಹೆಸರು ಅದರಲ್ಲಿರುವುದಿಲ್ಲ. ಪಿ0171 ಬಂತು ಎಂದುಕೊಳ್ಳಿ. ಅರ್ಥ ಇಷ್ಟೇ: ಬ್ಯಾಂಕ್ 1ರಲ್ಲಿ (ಒಂದನೇ ಸಿಲಿಂಡರ್ ಇರುವ ಸಾಲಿನಲ್ಲಿ) ಗಾಳಿ ಹೆಚ್ಚು, ಪೆಟ್ರೋಲ್ ಕಮ್ಮಿ. ಇದನ್ನು ವರದಿ ಮಾಡಿದ್ದು ಹೊಗೆಯಲ್ಲಿನ ಆಮ್ಲಜನಕ ಅಳೆಯುವ ಆಕ್ಸಿಜನ್ ಸೆನ್ಸರ್ ಆದ್ದರಿಂದ ಬಹಳ ಜನ ಮೊದಲು ಅದನ್ನೇ ಬದಲಾಯಿಸುತ್ತಾರೆ. ಪಾಪ, ಸೆನ್ಸರ್ ಇದ್ದದ್ದನ್ನೇ ಹೇಳಿರುತ್ತದೆ. ತೊಂದರೆ ಬಿರುಕು ಬಿಟ್ಟ ವ್ಯಾಕ್ಯೂಮ್ ಹೋಸ್‌ನಲ್ಲೋ, ಸೋತ ಫ್ಯುಯೆಲ್ ಪಂಪ್‌ನಲ್ಲೋ, ಒಳಬರುವ ಗಾಳಿಯನ್ನು ಅಳೆಯುವ, ಧೂಳು ಕೂತ ಎಂಎಎಫ್ ಸೆನ್ಸರ್‌ನಲ್ಲೋ ಇರುತ್ತದೆ. ಹೊಸ ಸೆನ್ಸರ್ ಹಾಕಿ ಕೋಡ್ ಅಳಿಸಿದರೆ ಎರಡು ಮೂರು ದಿನದಲ್ಲಿ ಲೈಟ್ ಮತ್ತೆ ಹಾಜರು.

ಇಲ್ಲಿ ಫ್ರೀಜ್ ಫ್ರೇಮ್‌ನ ಬೆಲೆ ತಿಳಿಯುತ್ತದೆ. ಕೋಡ್ ದಾಖಲಾದ ಗಳಿಗೆಯಲ್ಲಿ ಎಂಜಿನ್ ಯಾವ ಸ್ಥಿತಿಯಲ್ಲಿತ್ತು ಎಂಬುದನ್ನು ಇಸಿಯು ಹಿಡಿದಿಟ್ಟಿರುತ್ತದೆ. ವೇಗ 0, ಆರ್‌ಪಿಎಂ 760, ಕೂಲೆಂಟ್ 91 ಡಿಗ್ರಿ, ಲಾಂಗ್ ಟರ್ಮ್ ಫ್ಯುಯೆಲ್ ಟ್ರಿಮ್ (ಇಸಿಯು ದೀರ್ಘಕಾಲದಿಂದ ಮಾಡುತ್ತಿರುವ ಇಂಧನ ತಿದ್ದುಪಡಿ) ಶೇ. +23 ಎಂದು ಕಂಡರೆ, ಗಾಡಿ ಬಿಸಿಯಾಗಿ ನಿಂತಲ್ಲೇ ಐಡಲ್ ಆಗುತ್ತಿದ್ದಾಗ ಇಸಿಯು ತನ್ನ ಲೆಕ್ಕಕ್ಕಿಂತ ಶೇ. 23ರಷ್ಟು ಹೆಚ್ಚು ಇಂಧನ ಸುರಿಯುತ್ತಿತ್ತು ಎಂದಾಯಿತು. ಈಗ ಲೈವ್ ಡೇಟಾ ತೆರೆದು, ಎಂಜಿನ್ ಬಿಸಿಯಿರುವಾಗ ಐಡಲ್‌ನಲ್ಲಿ ಶಾರ್ಟ್ ಟರ್ಮ್ (ಆ ಕ್ಷಣದ ತಿದ್ದುಪಡಿ) ಮತ್ತು ಲಾಂಗ್ ಟರ್ಮ್ ಟ್ರಿಮ್ ಎರಡನ್ನೂ ಕೂಡಿಸಿ ನೋಡಿ. ನಂತರ ಆಕ್ಸಿಲರೇಟರ್ ಒತ್ತಿ 2500 ಆರ್‌ಪಿಎಂನಲ್ಲಿ ಅರ್ಧ ನಿಮಿಷ ಹಿಡಿದು ಮತ್ತೆ ಕೂಡಿಸಿ. ಮೊತ್ತ ಶೇ. +25ರಿಂದ +5ಕ್ಕೆ ಇಳಿದರೆ, ಎಂಎಎಫ್ ದಾಟಿದ ಮೇಲೆ ಎಲ್ಲೋ ಗಾಳಿ ಕಳ್ಳದಾರಿಯಲ್ಲಿ ನುಗ್ಗುತ್ತಿದೆ. ಐಡಲ್‌ನಲ್ಲಿ ಒಟ್ಟು ಗಾಳಿಯೇ ಕಡಿಮೆ, ಹಾಗಾಗಿ ಸಣ್ಣ ತೂತಿನ ಪಾಲೂ ದೊಡ್ಡದು; ಥ್ರಾಟಲ್ ತೆರೆದಾಗ ಅದೇ ತೂತು ಲೆಕ್ಕಕ್ಕೇ ಬರುವುದಿಲ್ಲ. ಇನ್‌ಟೇಕ್ ಬೂಟ್‌ನ (ಗಾಳಿ ಒಯ್ಯುವ ರಬ್ಬರ್ ಕೊಳವೆಯ) ಮಡಿಕೆಗಳು, ಎಂಜಿನ್ ಒಳಗಿನ ಆವಿಯನ್ನು ಮತ್ತೆ ಇನ್‌ಟೇಕಿಗೆ ತರುವ ಪಿಸಿವಿ ಹೋಸ್, ಮ್ಯಾನಿಫೋಲ್ಡ್ ಗ್ಯಾಸ್ಕೆಟ್ ಪರೀಕ್ಷಿಸಿ. ಬೂಟ್‌ನ ಬಿರುಕು ಹೆಚ್ಚಾಗಿ ಮಡಿಕೆಯ ತಳಭಾಗದಲ್ಲಿ ಇರುತ್ತದೆ, ಮೇಲಿಂದ ಕಾಣುವುದಿಲ್ಲ; ಕೈಯಿಂದ ಎಳೆದು ಹಿಗ್ಗಿಸಿದಾಗ ಬಾಯಿ ಬಿಡುತ್ತದೆ.

ಇದಕ್ಕೆ ತದ್ವಿರುದ್ಧವಾಗಿ, ಐಡಲ್‌ನಲ್ಲಿ ಶೇ. +4 ಇದ್ದದ್ದು ಏರು ಹತ್ತುವಾಗ +20 ದಾಟಿದರೆ ಇಂಧನ ಸಾಲುತ್ತಿಲ್ಲ, ಇಲ್ಲವೇ ಎಂಎಎಫ್ ಬರುವ ಗಾಳಿಯನ್ನು ಕಡಿಮೆ ಎಣಿಸುತ್ತಿದೆ. ಪಂಪ್, ಫ್ಯುಯೆಲ್ ಫಿಲ್ಟರ್ ಕಡೆ ನೋಡಿ. ಎಂಎಎಫ್‌ಗೆ ಒಂದು ಅಂದಾಜು ಲೆಕ್ಕವಿದೆ: ಬಿಸಿ ಎಂಜಿನ್ ಐಡಲ್‌ನಲ್ಲಿರುವಾಗ ಸೆಕೆಂಡಿಗೆ ಬರುವ ಗ್ರಾಂ ಸಂಖ್ಯೆ ಎಂಜಿನ್‌ನ ಲೀಟರ್ ಗಾತ್ರದ ಆಸುಪಾಸಿನಲ್ಲಿರಬೇಕು. 2.0 ಲೀಟರ್ ಎಂಜಿನ್ 2 ಗ್ರಾಂ ಸುತ್ತಮುತ್ತ ತೋರಿಸಿದರೆ ಸರಿ. 1 ಗ್ರಾಂ ತೋರಿಸಿದರೆ ಅನುಮಾನಿಸಿ. ಟ್ರಿಮ್ ಮೊತ್ತ ಪ್ಲಸ್ ಮೈನಸ್ 10ರ ಒಳಗಿದ್ದರೆ ತಲೆ ಕೆಡಿಸಿಕೊಳ್ಳಬೇಕಿಲ್ಲ. ಎಂಎಎಫ್ ಇಲ್ಲದೆ ಎಂಎಪಿ ಸೆನ್ಸರ್ (ಮ್ಯಾನಿಫೋಲ್ಡಿನ ಗಾಳಿಯ ಒತ್ತಡ ಅಳೆಯುವುದು) ಮೇಲೆ ನಡೆಯುವ ಎಂಜಿನ್‌ಗಳಲ್ಲಿ ಗಾಳಿ ಸೋರಿಕೆ ಟ್ರಿಮ್‌ನಲ್ಲಿ ಇಷ್ಟು ಸ್ಪಷ್ಟವಾಗಿ ಕಾಣದು, ಐಡಲ್ ವೇಗವೇ ಏರಿಬಿಡುತ್ತದೆ. ಇಷ್ಟೆಲ್ಲ ತಿಳಿಯಲು ಬೇಕಾದದ್ದು ಲೈವ್ ಡೇಟಾ ಕೊಡುವ ಸಾಧನ ಮತ್ತು ಹತ್ತು ನಿಮಿಷ. ಕೋಡ್ ಮಾತ್ರ ತೋರಿಸುವ ರೀಡರ್ ಇಲ್ಲಿ ಮೊದಲ ಮೆಟ್ಟಿಲಲ್ಲೇ ನಿಂತುಬಿಡುತ್ತದೆ.

ಈಗ ಸಾಧನಗಳ ವಿಷಯ.

ಸ್ಕ್ಯಾನರ್ ಚುಚ್ಚುವ ಒಬಿಡಿ-2 ಪೋರ್ಟ್ ಸ್ಟಿಯರಿಂಗ್ ಕೆಳಗೆ, ಡ್ಯಾಶ್‌ಬೋರ್ಡಿನ ಅಡಿಯಲ್ಲಿರುತ್ತದೆ. 16 ಪಿನ್. 16ನೇ ಪಿನ್‌ನಲ್ಲಿ ಬ್ಯಾಟರಿಯ ಪ್ಲಸ್, 4 ಮತ್ತು 5ರಲ್ಲಿ ಅರ್ತ್, 6 ಮತ್ತು 14ರಲ್ಲಿ ಕ್ಯಾನ್ (ಗಾಡಿಯ ಕಂಪ್ಯೂಟರ್‌ಗಳು ಪರಸ್ಪರ ಮಾತಾಡುವ ಜಾಲ) ಸಂಪರ್ಕ, 7ರಲ್ಲಿ ಹಳೆಯ ಗಾಡಿಗಳ ಕೆ-ಲೈನ್ ಎಂಬ ಸಂಪರ್ಕ. ಸಾಧನಕ್ಕೆ ಜೀವವೇ ಬರದಿದ್ದರೆ ಅದನ್ನು ಬೈಯುವ ಮೊದಲು ಫ್ಯೂಸ್ ನೋಡಿ. ಬಹಳಷ್ಟು ಗಾಡಿಗಳಲ್ಲಿ ಈ ಪೋರ್ಟಿಗೂ ಸಿಗರೇಟ್ ಲೈಟರ್ ಸಾಕೆಟ್ಟಿಗೂ ಒಂದೇ ಫ್ಯೂಸ್. ಸಾಕೆಟ್ಟಿಗೆ ಅಗ್ಗದ ಚಾರ್ಜರ್ ಚುಚ್ಚಿ ಫ್ಯೂಸ್ ಹಾರಿಹೋಗಿದ್ದರೆ ಪೋರ್ಟೂ ಸತ್ತಿರುತ್ತದೆ.

ಅಗ್ಗದ ಇಎಲ್‌ಎಂ327 ಅಡಾಪ್ಟರ್‌ಗಳ ಬಗ್ಗೆ ಒಂದು ಮಾತು ತಿಳಿದಿರಲಿ. ಈ ಚಿಪ್ಪನ್ನು ರೂಪಿಸಿದ್ದು ಕೆನಡಾದ ಎಲ್ಮ್ ಎಲೆಕ್ಟ್ರಾನಿಕ್ಸ್ ಸಂಸ್ಥೆ; ಅದು 2022ರಲ್ಲಿ ಮುಚ್ಚಿತು. ಮಾರುಕಟ್ಟೆಯಲ್ಲಿರುವ ಬಹುಪಾಲು ಡಬ್ಬಿಗಳಲ್ಲಿ ಇರುವುದು ಆ ಚಿಪ್ಪಿನ ನಕಲು. ಮೈಮೇಲೆ 1.5 ಎಂದು ಬರೆದಿದ್ದರೆ ನಕಲು ಎಂದು ಕಣ್ಣುಮುಚ್ಚಿ ಹೇಳಬಹುದು, ಏಕೆಂದರೆ ಮೂಲ ಸಂಸ್ಥೆ 1.5 ಆವೃತ್ತಿಯನ್ನು ಹೊರತಂದೇ ಇಲ್ಲ. 2.1 ಎಂದಿರುವ ಅಗ್ಗದ ಡಬ್ಬಿಗಳು ಎಷ್ಟೋ ಬಾರಿ ಇನ್ನೂ ಕಳಪೆ: ಕೆಲವು ಆದೇಶಗಳಿಗೆ ಉತ್ತರವನ್ನೇ ಕೊಡುವುದಿಲ್ಲ, ಹಳೆಯ ಪ್ರೋಟೋಕಾಲ್‌ಗಳಲ್ಲಿ ಸಂಪರ್ಕ ಕಡಿದುಕೊಳ್ಳುತ್ತವೆ. ಕ್ಯಾನ್ ಇರುವ ಗಾಡಿಯಲ್ಲಿ ನಕಲು ಕೂಡ ಸಾಮಾನ್ಯ ಕೆಲಸಕ್ಕೆ ಸಾಕು. ಕೆ-ಲೈನ್ ಗಾಡಿ ಇರುವವರು ಮಾತ್ರ ಇದನ್ನು ನಂಬಿ ಕೂರಬೇಡಿ.

ಜೋಡಿಸುವಲ್ಲಿ ಎಡವುವವರು ಬಹಳ. ಆಂಡ್ರಾಯ್ಡ್‌ನಲ್ಲಿ ಮೊದಲು ಫೋನಿನ ಬ್ಲೂಟೂತ್ ಸೆಟ್ಟಿಂಗ್‌ಗೆ ಹೋಗಿ ಪೇರ್ ಮಾಡಿ (ಪಿನ್ 1234 ಅಥವಾ 0000), ಆಮೇಲೆ ಆ್ಯಪ್‌ನಲ್ಲಿ ಅಡಾಪ್ಟರ್ ಆರಿಸಿ. ಐಫೋನ್‌ಗೆ ಹಳೆಯ ಮಾದರಿಯ ಅಗ್ಗದ ಬ್ಲೂಟೂತ್ ಡಬ್ಬಿ ಆಗುವುದೇ ಇಲ್ಲ. ಬ್ಲೂಟೂತ್ ಲೋ ಎನರ್ಜಿ ಅಥವಾ ವೈಫೈ ಇರುವುದನ್ನೇ ಕೊಳ್ಳಬೇಕು. ಲೋ ಎನರ್ಜಿ ಅಡಾಪ್ಟರನ್ನು ಸೆಟ್ಟಿಂಗ್‌ನಲ್ಲಿ ಪೇರ್ ಮಾಡಲು ಹೋಗದೆ ನೇರವಾಗಿ ಆ್ಯಪ್‌ನಿಂದಲೇ ಹಿಡಿಯಿರಿ. ವೈಫೈ ಅಡಾಪ್ಟರ್‌ಗಳ ವಿಳಾಸ ಸಾಮಾನ್ಯವಾಗಿ 192.168.0.10, ಪೋರ್ಟ್ 35000. ಇಗ್ನಿಷನ್ ಆನ್ ಇರಲೇಬೇಕು. ಟಾರ್ಕ್, ಕಾರ್ ಸ್ಕ್ಯಾನರ್, ಒಬಿಡಿ ಫ್ಯೂಷನ್ ಮೂರೂ ಒಳ್ಳೆಯ ಆ್ಯಪ್‌ಗಳು. ಒಮ್ಮೆಗೇ ಇಪ್ಪತ್ತು ಮಾಪನಗಳನ್ನು ಪರದೆಗೆ ಹಾಕಿದರೆ ಪ್ರತಿಯೊಂದೂ ಸರದಿಯಲ್ಲಿ ಕಾದು ಅಂಕಿಗಳು ಆಮೆಗತಿಯಲ್ಲಿ ಬದಲಾಗುತ್ತವೆ. ಬೇಕಾದ ನಾಲ್ಕೈದನ್ನು ಮಾತ್ರ ಇಟ್ಟುಕೊಳ್ಳಿ.

ತಂತಿಯ ರೀಡರ್‌ನಲ್ಲಿ ಈ ಯಾವ ರಗಳೆಯೂ ಇಲ್ಲ. ಚುಚ್ಚಿದರೆ ಪೋರ್ಟಿನಿಂದಲೇ ವಿದ್ಯುತ್ ಪಡೆದು ಏಳುತ್ತದೆ, ಪೇರಿಂಗ್ ಬೇಡ, ಆ್ಯಪ್ ಅಪ್‌ಡೇಟ್ ಬೇಡ. ಮನೆಯಲ್ಲಿ ಮೂರು ಗಾಡಿಯಿದ್ದು ಯಾರು ಬೇಕಾದರೂ ಬಳಸುವಂತಿರಬೇಕು ಎಂದರೆ ಇದೇ ಒಳ್ಳೆಯದು. ಕೊರತೆ ಇರುವುದು ಲೈವ್ ಡೇಟಾ ತೋರಿಸುವ ರೀತಿಯಲ್ಲಿ: ಸಣ್ಣ ಪರದೆಯಲ್ಲಿ ಒಂದೆರಡು ಸಾಲು, ಗ್ರಾಫ್ ಇದ್ದರೂ ಇಕ್ಕಟ್ಟು, ದಾಖಲಿಸಿ ಆಮೇಲೆ ನೋಡುವ ಸೌಲಭ್ಯ ಅಪರೂಪ. ತೀರಾ ಅಗ್ಗದ ಮಾದರಿಗಳಲ್ಲಿ ಲೈವ್ ಡೇಟಾವೇ ಇಲ್ಲದಿರಬಹುದು, ಪೊಟ್ಟಣದ ಮೇಲೆ ಓದಿಕೊಳ್ಳಿ.

ಒಬಿಡಿಲಿಂಕ್ ಎಂಎಕ್ಸ್ ಪ್ಲಸ್ ಕೊಡುವುದು ವೇಗ ಮತ್ತು ನಂಬಿಕೆ. ಆಂಡ್ರಾಯ್ಡ್, ಐಫೋನ್, ವಿಂಡೋಸ್ ಮೂರಕ್ಕೂ ಹೊಂದುತ್ತದೆ. ಪೇರ್ ಮಾಡಲು ಮೈಮೇಲಿನ ಬಟನ್ ಒತ್ತಬೇಕಾದ್ದರಿಂದ ಪಕ್ಕದವರು ಸುಮ್ಮನೆ ಒಳನುಗ್ಗಲಾಗದು. ಗಾಡಿ ನಿಂತಾಗ ತಾನೂ ಮಲಗುತ್ತದೆ. ಫೋರ್ಡ್ ಮತ್ತು ಜಿಎಂ ಗಾಡಿಗಳ ಹೆಚ್ಚುವರಿ ಕ್ಯಾನ್ ಜಾಲಗಳನ್ನೂ ಓದಬಲ್ಲದು. ವರ್ಷಕ್ಕೊಮ್ಮೆ ಕೋಡ್ ನೋಡುವವರಿಗೆ ಇಷ್ಟು ಹಣ ಸುರಿಯುವ ಅಗತ್ಯವಿಲ್ಲ. ಸ್ವತಃ ರಿಪೇರಿ ಮಾಡಿಕೊಳ್ಳುವವರಿಗೆ ಇದೇ ನಮ್ಮ ಆಯ್ಕೆ. ಎಬಿಎಸ್, ಏರ್‌ಬ್ಯಾಗ್ ಲೈಟ್‌ಗಳ ಕೋಡ್‌ಗೆ ಮಾತ್ರ ಆಯಾ ಕಂಪನಿಗೆ ಹೊಂದುವ ಸಾಫ್ಟ್‌ವೇರ್ ಬೇಕು. ಸಾಮಾನ್ಯ ಒಬಿಡಿ-2 ಓದುವಿಕೆಯಲ್ಲಿ ಅವು ಬರುವುದಿಲ್ಲ.

ಯಾವ ಸಾಧನವಾದರೂ ಮೊದಲು ಓದಬೇಕಾದದ್ದು ಬ್ಯಾಟರಿ ವೋಲ್ಟೇಜ್. ಎಂಜಿನ್ ಆಫ್ ಇದ್ದಾಗ 12.4ರಿಂದ 12.6, ಓಡುವಾಗ ಸಾಮಾನ್ಯವಾಗಿ 13.5ರಿಂದ 14.5. ಬ್ಯಾಟರಿ ಸೋತಿದ್ದರೆ ಒಂದಕ್ಕೊಂದು ಸಂಬಂಧವಿಲ್ಲದ ಏಳೆಂಟು ಕೋಡ್‌ಗಳು, ಅದರಲ್ಲೂ ಯು ಅಕ್ಷರದಿಂದ ಶುರುವಾಗುವವು, ಗುಂಪಾಗಿ ಬರುತ್ತವೆ. ಅವುಗಳ ಬೆನ್ನು ಹತ್ತಬೇಡಿ. ಬ್ಯಾಟರಿ, ಟರ್ಮಿನಲ್, ಅರ್ತ್ ಸರಿಮಾಡಿ ಮತ್ತೆ ಓದಿ.

ಲೈಟ್ ಸುಮ್ಮನೆ ಉರಿಯುತ್ತಿದ್ದು ಎಂಜಿನ್ ಬಿಸಿ, ಆಯಿಲ್ ಒತ್ತಡ ಸರಿಯಿದ್ದರೆ ನಿಧಾನವಾಗಿ ಓಡಿಸಿಕೊಂಡು ಹೋಗಬಹುದು. ಮಿನುಗುತ್ತಿದ್ದರೆ ಆಕ್ಸಿಲರೇಟರ್‌ನಿಂದ ಕಾಲು ತೆಗೆದು, ಸುರಕ್ಷಿತ ಜಾಗ ನೋಡಿ ಗಾಡಿ ನಿಲ್ಲಿಸಿ. ಅದು ತೀವ್ರ ಮಿಸ್‌ಫೈರ್‌ನ (ಸಿಲಿಂಡರಿನಲ್ಲಿ ಇಂಧನ ಸರಿಯಾಗಿ ಉರಿಯದಿರುವುದರ) ಸೂಚನೆ. ಸುಡದ ಪೆಟ್ರೋಲ್ ಹೊಗೆ ಶುದ್ಧಗೊಳಿಸುವ ಕ್ಯಾಟಲಿಟಿಕ್ ಕನ್ವರ್ಟರ್ ಒಳಗೆ ಹೋಗಿ ಹೊತ್ತಿಕೊಂಡು ಅದನ್ನು ಕರಗಿಸುತ್ತದೆ. ಪಿ0302 ಎಂದರೆ ಎರಡನೇ ಸಿಲಿಂಡರಿನ ಮಿಸ್‌ಫೈರ್. ಪ್ರತಿ ಸಿಲಿಂಡರಿಗೂ ಕಿಡಿಗೆ ವಿದ್ಯುತ್ ಕೊಡುವ ಬೇರೆ ಕಾಯಿಲ್ ಇದ್ದರೆ ಎಂಜಿನ್ ಆಫ್ ಮಾಡಿ ಎರಡನೆಯದರ ಕಾಯಿಲನ್ನು ಮೂರನೆಯದಕ್ಕೆ, ಮೂರನೆಯದನ್ನು ಎರಡಕ್ಕೆ ಹಾಕಿ ಓಡಿಸಿ. ಕೋಡ್ ಪಿ0303 ಆದರೆ ಕಾಯಿಲ್ ಕೆಟ್ಟಿದೆ. ಪಿ0302 ಆಗಿಯೇ ಉಳಿದರೆ ಸ್ಪಾರ್ಕ್ ಪ್ಲಗ್‌ಗಳನ್ನು ಹಾಗೇ ಅದಲು ಬದಲು ಮಾಡಿ. ಅದಕ್ಕೂ ಜಗ್ಗದಿದ್ದರೆ ಇಂಜೆಕ್ಟರ್, ಆಮೇಲೆ ಕಂಪ್ರೆಷನ್. ಕ್ಯಾನ್ ಗಾಡಿಗಳಲ್ಲಿ ಕೋಡ್ ಬರುವವರೆಗೂ ಕಾಯಬೇಕಿಲ್ಲ: ಮೋಡ್ 6ರಲ್ಲಿ (ಇಸಿಯು ಮಾಡಿದ ಪರೀಕ್ಷೆಗಳ ಫಲಿತಾಂಶ ತೋರಿಸುವ ವಿಭಾಗ) ಮಾನಿಟರ್ ಎ2 ಒಂದನೇ ಸಿಲಿಂಡರ್, ಎ3 ಎರಡನೆಯದು, ಹೀಗೆ ಸಾಲಾಗಿ ಪ್ರತಿ ಸಿಲಿಂಡರಿನ ಮಿಸ್‌ಫೈರ್ ಎಣಿಕೆ ಇರುತ್ತದೆ. ಮೋಡ್ 6 ತೋರಿಸುವ ಆ್ಯಪ್ ಇದ್ದರೆ ಕೆಡಲು ಶುರುವಾದ ಕಾಯಿಲನ್ನು ಲೈಟ್ ಹತ್ತುವ ಮೊದಲೇ ಹಿಡಿಯಬಹುದು.

ಯಾವುದಾದರೂ ತಾಪಮಾನ −40 ಡಿಗ್ರಿ ಎಂದು ತೋರಿಸಿದರೆ ಆ ಸೆನ್ಸರ್‌ನ ಸರ್ಕ್ಯೂಟ್ ತುಂಡಾಗಿದೆ ಎಂದರ್ಥ. ಇನ್‌ಟೇಕ್ ಗಾಳಿಯ ತಾಪಮಾನ ಸೆನ್ಸರಿನ ಕೋಡ್ ಆದ ಪಿ0113ರಲ್ಲಿ ಇದು ಸಾಮಾನ್ಯ. ಎರಡು ತಂತಿಯ ಸೆನ್ಸರ್ ಆಗಿದ್ದರೆ ಕನೆಕ್ಟರ್ ಕಳಚಿ, ಹಾರ್ನೆಸ್ ಬದಿಯ ಆ ಎರಡು ಪಿನ್‌ಗಳನ್ನು ಸಣ್ಣ ತಂತಿಯಿಂದ ಸೇರಿಸಿ ಲೈವ್ ಡೇಟಾ ನೋಡಿ. ಅಂಕಿ ಥಟ್ಟನೆ ನೂರು ದಾಟಿ ಹಾರಿದರೆ ವೈರಿಂಗ್ ಚೆನ್ನಾಗಿದೆ, ಸೆನ್ಸರ್ ಬದಲಾಯಿಸಿ. ಕದಲದಿದ್ದರೆ ತಂತಿ ಎಲ್ಲೋ ಮುರಿದಿದೆ. ರಾತ್ರಿಯಿಡೀ ನಿಂತ ಗಾಡಿಯಲ್ಲಿ ಬೆಳಿಗ್ಗೆ ಸ್ಟಾರ್ಟ್ ಮಾಡುವ ಮುನ್ನ ಕೂಲೆಂಟ್ ಮತ್ತು ಇನ್‌ಟೇಕ್ ಗಾಳಿಯ ತಾಪಮಾನ ಹೆಚ್ಚು ಕಡಿಮೆ ಒಂದೇ ಇರಬೇಕು. ಹದಿನೈದು ಇಪ್ಪತ್ತು ಡಿಗ್ರಿ ಅಂತರವಿದ್ದರೆ ಎರಡರಲ್ಲೊಂದು ಸುಳ್ಳು ಹೇಳುತ್ತಿದೆ.

ಪಿ0420 (ಕನ್ವರ್ಟರ್ ಸರಿಯಾಗಿ ಕೆಲಸ ಮಾಡುತ್ತಿಲ್ಲ ಎಂಬ ಕೋಡ್) ಬಂದ ತಕ್ಷಣ ಕ್ಯಾಟಲಿಟಿಕ್ ಕನ್ವರ್ಟರ್ ಬದಲಾಯಿಸಲು ಹೊರಡಬೇಡಿ, ಅದು ಅತಿ ದುಬಾರಿ ಭಾಗಗಳಲ್ಲೊಂದು. ಎಂಜಿನ್ ಚೆನ್ನಾಗಿ ಬಿಸಿಯಾದ ಮೇಲೆ 2500 ಆರ್‌ಪಿಎಂನಲ್ಲಿ, ಕನ್ವರ್ಟರ್ ದಾಟಿದ ಮೇಲಿರುವ ಆಕ್ಸಿಜನ್ ಸೆನ್ಸರಿನ ಗ್ರಾಫ್ ನೋಡಿ. 0.6, 0.7 ವೋಲ್ಟ್ ಸುತ್ತ ಸಮವಾಗಿ ನಿಂತಿದ್ದರೆ ಕನ್ವರ್ಟರ್ ಕೆಲಸ ಮಾಡುತ್ತಿದೆ. ಎಕ್ಸಾಸ್ಟ್ ಪೈಪಿನ ಜೋಡಣೆಯಲ್ಲಿ ಸೋರಿಕೆ ಹುಡುಕಿ. 0.1ರಿಂದ 0.9ರವರೆಗೆ ಕನ್ವರ್ಟರಿಗೂ ಮುಂಚೆ ಇರುವ ಸೆನ್ಸರಿನಂತೆಯೇ ಪಟಪಟನೆ ಏರಿಳಿಯುತ್ತಿದ್ದರೆ ಕನ್ವರ್ಟರ್ ಸೋತಿದೆ. ಆಗಲೂ ಅದನ್ನು ಕೊಂದ ಕಾರಣವನ್ನು, ಮಿಸ್‌ಫೈರ್ ಇರಬಹುದು, ಆಯಿಲ್ ಸುಡುವುದಿರಬಹುದು, ಮೊದಲು ಸರಿಮಾಡದಿದ್ದರೆ ಹೊಸದಕ್ಕೂ ಅದೇ ಗತಿ.

ಅಳಿಸುವ ಬಟನ್ ಕೊನೆಗೆ. ಅದನ್ನು ಒತ್ತಿದರೆ ಕೋಡ್ ಜೊತೆಗೆ ಫ್ರೀಜ್ ಫ್ರೇಮ್ ಹೋಗುತ್ತದೆ, ರೆಡಿನೆಸ್ ಮಾನಿಟರ್‌ಗಳೂ ಮೊದಲಿಂದ ಶುರುವಾಗುತ್ತವೆ. ಒತ್ತುವ ಮುನ್ನ ಪರದೆಯ ಫೋಟೋ ತೆಗೆದಿಟ್ಟುಕೊಳ್ಳಿ. ರಿಪೇರಿ ಆದ ಮೇಲೆ ಅಳಿಸಿ, ತಣ್ಣನೆಯ ಸ್ಟಾರ್ಟ್, ಊರೊಳಗಿನ ಓಟ, ಹೆದ್ದಾರಿಯ ಒಂದೇ ವೇಗದ ಓಟ ಎಲ್ಲ ಸೇರುವಂತೆ ಕೆಲವು ದಿನ ಓಡಿಸಿ. ನಡುವೆ ಪೆಂಡಿಂಗ್ ಕೋಡ್ ಓದುತ್ತಿರಿ. ಎಷ್ಟೋ ದೋಷಗಳು ಸತತ ಎರಡು ಓಟಗಳಲ್ಲಿ ಕಂಡ ಮೇಲಷ್ಟೇ ಲೈಟ್ ಹತ್ತಿಸುವುದರಿಂದ, ದೋಷ ಮರಳುವುದಿದ್ದರೆ ಮೊದಲು ತಲೆ ಹಾಕುವುದು ಅಲ್ಲೇ. ಸಂಬಂಧಪಟ್ಟ ಮಾನಿಟರ್ ಪೂರ್ಣ ಎಂದು ತೋರಿಸಿ, ಪೆಂಡಿಂಗ್ ಪಟ್ಟಿ ಖಾಲಿಯಿದ್ದರೆ ರಿಪೇರಿ ಫಲಿಸಿದೆ; ಅಡಾಪ್ಟರ್ ಕಿತ್ತು ಡಬ್ಬಿಯಲ್ಲಿಡಿ. ಅಗ್ಗದ್ದನ್ನು ಪೋರ್ಟಿನಲ್ಲೇ ಬಿಟ್ಟರೆ ಗಾಡಿ ಆಫ್ ಇದ್ದರೂ ವಿದ್ಯುತ್ ಹೀರುತ್ತಿರುತ್ತದೆ, ವಾರಗಟ್ಟಲೆ ನಿಂತ ಗಾಡಿಯ ಬ್ಯಾಟರಿ ಇಳಿದುಹೋಗುತ್ತದೆ.