ಇಕೋಡಿಸೈನ್ ಸ್ಟಿಕ್ಕರ್ ನಂಬಿ ಸೌದೆ ಒಲೆ ತಗೊಂಡು ಕೈ ಸುಟ್ಕೊಂಡೆ, ಇಂಗ್ಲೆಂಡಲ್ಲಿ ಮನೆ ತಗೊಳ್ತಿರೋರು ಓದಿ

ಇದನ್ನ ಬರೀಬೇಕೋ ಬೇಡ್ವೋ ಅಂತ ಒಂದು ವರ್ಷ ಸುಮ್ನೇ ಇದ್ದೆ. ತೀರ್ಥಹಳ್ಳಿ ಕಡೆ ಹುಟ್ಟಿ, ಬಚ್ಚಲು ಒಲೆಗೆ ಸೌದೆ ತುರುಕಿ ಹಂಡೆ ನೀರು ಕಾಯ್ಸಿ ಬೆಳೆದೋನು ಇಲ್ಲಿಗೆ ಬಂದು ಒಲೆ ವಿಷಯದಲ್ಲೇ ಬೇಸ್ತು ಬಿದ್ದೆ ಅಂತ ಹೇಳ್ಕೊಳಕ್ಕೆ ಒಂಥರಾ ನಾಚ್ಕೆ. ಆದ್ರೆ ಹೋದ ತಿಂಗಳು ಗೆಳೆಯರೊಬ್ರು ಹೊಸ ಮನೆಗೆ ಒಲೆ ನೋಡ್ತಿದೀವಿ ಅಂತ ಫೋಟೋ ಕಳ್ಸಿ, "ಇದ್ರಲ್ಲಿ ಇಕೋಡಿಸೈನ್ ಅಂತ ಇದೆ, ನಮ್ಮ ಏರಿಯಾಗೆ ನಡಿಯತ್ತಲ್ವಾ" ಅಂತ ಕೇಳಿದ್ರು. ನಾನು ಹೊಟ್ಟೆ ಉರ್ಕೊಂಡ ಅದೇ ಮಾತು, ಅದೇ ಸ್ಟಿಕ್ಕರ್ (ಇಕೋಡಿಸೈನ್ ಅಂದ್ರೆ ಹೊಸ ಒಲೆ ಮಾರೋಕೆ ಇಲ್ಲಿ ಇಟ್ಟಿರೋ ಒಂದು ಮಟ್ಟ). ಅದಕ್ಕೇ ಬರೀತಿದೀನಿ.

2022ರ ಚಳಿಗಾಲ ಇಲ್ಲಿದ್ದೋರಿಗೆಲ್ಲ ನೆನಪಿರತ್ತೆ. ಯುಕ್ರೇನ್ ಯುದ್ಧ ಶುರುವಾಗಿ ಗ್ಯಾಸ್ ಬಿಲ್ಲು ನೋಡಿದ್ರೆ ಎದೆ ಧಸಕ್ ಅನ್ನೋದು, ಆಫೀಸಲ್ಲಿ ಊಟದ ಟೇಬಲ್ಲಲ್ಲಿ ಎಲ್ರದ್ದೂ ಒಂದೇ ಮಾತು, ಯಾರು ಎಷ್ಟು ಡಿಗ್ರಿಗೆ ಹೀಟಿಂಗ್ ಇಟ್ಟಿದಾರೆ ಅಂತ. ನಮ್ದು ಮಿಡ್‌ಲ್ಯಾಂಡ್ಸಲ್ಲಿ 1930ರ ಕಾಲದ ಸೆಮಿ ಡಿಟ್ಯಾಚ್ಡ್ ಮನೆ, ಅಂದ್ರೆ ಒಂದು ಪಕ್ಕದ ಗೋಡೆ ಇನ್ನೊಂದು ಮನೆಗೆ ಅಂಟಿರೋದು, ಹಾಲಲ್ಲಿ ಹಳೇ ಹೊಗೆಗೂಡು ಹಾಗೇ ಇದೆ, ಕೆಳಗಡೆ ಹಲಗೆ ಹೊಡೆದು ಮುಚ್ಚಿದ್ರು ಅಷ್ಟೇ. ನನಗೆ ಸೌದೆ ಒಲೆ ಐಡಿಯಾ ಬಂತು ನೋಡಿ, ಆವತ್ತಿಂದ ನಿದ್ದೆ ಇಲ್ಲ.

ನಮ್ಮ ಏರಿಯಾ ಸ್ಮೋಕ್ ಕಂಟ್ರೋಲ್ ಏರಿಯಾ ಅಂತ ನನಗೆ ಗೊತ್ತಿತ್ತು. ಗೊತ್ತಿಲ್ದೋರಿಗೆ ಹೇಳ್ಬಿಡ್ತೀನಿ: 1952ರ ಡಿಸೆಂಬರಲ್ಲಿ ಲಂಡನ್ನಲ್ಲಿ ಕಲ್ಲಿದ್ದಲ ಹೊಗೆ ಮಂಜಿನ ಜೊತೆ ಸೇರಿ ಐದು ದಿನ ನೆಲ ಬಿಟ್ಟು ಮೇಲೇಳಲಿಲ್ಲ, ಸಾವಿರಾರು ಜನ ಸತ್ರು, ಆಗ 4000 ಅಂದ್ರು, ಆಮೇಲಿನ ಲೆಕ್ಕಗಳು 12000ದವರೆಗೂ ಹೋಗ್ತವೆ. ಅದಾದ್ಮೇಲೆ 1956ರಲ್ಲಿ ಕ್ಲೀನ್ ಏರ್ ಆಕ್ಟ್ ತಂದ್ರು. ಊರಿನ ಇಂತಿಂಥ ಭಾಗದಲ್ಲಿ ಚಿಮಣಿಯಿಂದ ಹೊಗೆ ಬಿಡಂಗಿಲ್ಲ ಅಂತ ಗೆರೆ ಎಳೆಯೋ ಪದ್ಧತಿ ಅಲ್ಲಿಂದ ಬಂದಿದ್ದು. ಈಗ ದೊಡ್ಡ ಊರುಗಳ ಬಹುಪಾಲು ಆ ಗೆರೆ ಒಳಗೇ ಇದೆ. ಅಲ್ಲಿ ಸೌದೆ ಉರಿಸಬೇಕು ಅಂದ್ರೆ ಡೆಫ್ರಾ, ಅಂದ್ರೆ ಇಲ್ಲಿನ ಪರಿಸರ ಇಲಾಖೆ, ವಿನಾಯಿತಿ ಕೊಟ್ಟಿರೋ ಒಲೆನೇ ಆಗಿರ್ಬೇಕು, ಇಲ್ಲಾಂದ್ರೆ ಹೊಗೆ ಬರದ ಅಧಿಕೃತ ಇಂಧನ ಮಾತ್ರ ಹಾಕ್ಬೇಕು. ಸೌದೆ ಆ ಇಂಧನದ ಲೆಕ್ಕಕ್ಕೆ ಬರಲ್ಲ, ಎಷ್ಟೇ ಒಣಗಿರ್ಲಿ.

ಇಷ್ಟು ಓದ್ಕೊಂಡೇ ಅಂಗಡಿಗೆ ಹೋಗಿದ್ದು. ಅಲ್ಲಿ ಕ್ಲಿಯರೆನ್ಸಲ್ಲಿ 8 ಕಿಲೋವ್ಯಾಟಿನ ಒಂದು ಚಂದದ ಎರಕದ ಒಲೆ, 780 ಪೌಂಡ್, ಗಾಜಿನ ಮೇಲೆ ಹಸಿರು ಸ್ಟಿಕ್ಕರ್, ಇಕೋಡಿಸೈನ್. ನಮ್ದು ಸ್ಮೋಕ್ ಕಂಟ್ರೋಲ್ ಏರಿಯಾ ಕಣಪ್ಪ, ನಡಿಯತ್ತಾ ಅಂತ ಕೇಳ್ದೆ, ನಿಜ ಹೇಳ್ತೀನಿ, ಎರಡು ಸಲ ಕೇಳ್ದೆ. ಸೇಲ್ಸ್ ಹುಡುಗ "ಇದು ಹೊಸ ಕಾನೂನಿನ ಪ್ರಕಾರ ಮಾಡಿದ್ದು, ಇದಕ್ಕಿಂತ ಕ್ಲೀನ್ ಇಲ್ಲ" ಅಂದ. ಗಮನಿಸಿ, ಹೌದು ಅನ್ಲಿಲ್ಲ ಅವನು. ಆ ಕ್ಷಣಕ್ಕೆ ನನಗೆ ಅದು ಹೌದು ಅಂತಾನೇ ಕೇಳಿಸ್ತು.

ಈಗ ಬೇರೆ ಏನು ಬಿಟ್ರೂ ಇದೊಂದು ಓದಿ. ಇಕೋಡಿಸೈನ್ ಅನ್ನೋದೇ ಬೇರೆ, ಡೆಫ್ರಾ ವಿನಾಯಿತಿ ಅನ್ನೋದೇ ಬೇರೆ. 2022ರ ಜನವರಿ 1ರಿಂದ ಇಲ್ಲಿ ಮಾರುಕಟ್ಟೆಗೆ ಬಿಡೋ ಹೊಸ ಒಲೆ ಎಲ್ಲಾನೂ ಇಕೋಡಿಸೈನ್ ಮಟ್ಟ ಮುಟ್ಟಿರ್ಲೇಬೇಕು, ಧೂಳಿನ ಕಣ ಇಷ್ಟು ಮೀರಬಾರದು, ದಕ್ಷತೆ ಇಷ್ಟಿರ್ಬೇಕು ಅಂತ. ಅಂದ್ರೆ ಆ ಸ್ಟಿಕ್ಕರ್ ಇರೋದು ವಿಶೇಷನೇ ಅಲ್ಲ, ಆ ಮಟ್ಟ ಮುಟ್ಟದೆ ಹೊಸ ಒಲೆ ಮಾರುಕಟ್ಟೆಗೆ ಬಿಡಂಗೇ ಇಲ್ಲ. ಹಾಲಿನ ಪ್ಯಾಕೆಟ್ ಮೇಲೆ ಹಾಲು ಅಂತ ಬರೆದಂಗೆ. ಡೆಫ್ರಾ ವಿನಾಯಿತಿ ಬೇರೆ ಪರೀಕ್ಷೆ. ಮುಖ್ಯವಾಗಿ ಗಾಳಿ ಕಮ್ಮಿ ಮಾಡಿಟ್ಟು ಸಣ್ಣ ಉರಿಯಲ್ಲಿ ಓಡಿಸಿದಾಗಲೂ ಗಂಟೆಗೆ ಇಷ್ಟು ಗ್ರಾಮಿಗಿಂತ ಹೊಗೆ ಬರ್ಬಾರ್ದು ಅಂತ ನೋಡ್ತಾರೆ. ಅದಕ್ಕೇ ವಿನಾಯಿತಿ ಇರೋ ಒಲೆಗಳಲ್ಲಿ ಸಾಮಾನ್ಯವಾಗಿ ಗಾಳಿಯ ಹಿಡಿಕೆಗೆ ಒಂದು ತಡೆ ಇರತ್ತೆ, ನೀವು ಬೇಕು ಅಂದ್ರೂ ಪೂರ್ತಿ ಮುಚ್ಚಕ್ಕಾಗಲ್ಲ. ನನ್ನ ಒಲೆದು ಪೂರ್ತಿ ಮುಚ್ಚಿಕೊಳ್ತಿತ್ತು, ನಾನು ಅದನ್ನ ಅನುಕೂಲ ಅಂದ್ಕೊಂಡಿದ್ದೆ!

ಆಮೇಲೆ ಗೊತ್ತಾಗಿದ್ದು ಇನ್ನೂ ಉರಿಯೋ ವಿಷಯ. ಅದೇ ಕಂಪನಿ, ಅದೇ ಆಕಾರ, ಅದೇ ಬಣ್ಣ, ಮಾಡೆಲ್ ಹೆಸರಿನ ಕೊನೆಗೆ ಎರಡಕ್ಷರ ಜಾಸ್ತಿ ಇರೋ ಇನ್ನೊಂದು ಒಲೆ ಡೆಫ್ರಾ ಪಟ್ಟಿಯಲ್ಲಿದೆ, ನನ್ನದು ಇಲ್ಲ. ಪಟ್ಟಿ ಸರ್ಕಾರದ ವೆಬ್‌ಸೈಟಲ್ಲಿ ಬಿಟ್ಟಿಯಾಗಿ ಸಿಗತ್ತೆ, ಎರಡು ನಿಮಿಷದ ಕೆಲಸ, ಮಾಡೆಲ್ ಹೆಸರು ಅಕ್ಷರ ಅಕ್ಷರ ತಾಳೆ ಮಾಡಿ. ಇಂಗ್ಲೆಂಡ್, ವೇಲ್ಸ್, ಸ್ಕಾಟ್ಲೆಂಡ್, ಉತ್ತರ ಐರ್ಲೆಂಡ್ ಒಂದೊಂದಕ್ಕೂ ಬೇರೆ ಬೇರೆ ನೋಡ್ಬೇಕು, ವೇಲ್ಸಿನ ಕಾರ್ಡಿಫಲ್ಲಿ ಇರೋರು ಇಂಗ್ಲೆಂಡ್ ಪಟ್ಟಿ ನೋಡಿ ನೆಮ್ಮದಿಯಾಗಿ ಕೂರ್ಬೇಡಿ. ನಿಮ್ಮ ಮನೆ ಗೆರೆ ಒಳಗಿದ್ಯಾ ಹೊರಗಿದ್ಯಾ ಅಂತ ಕೌನ್ಸಿಲ್, ಅಂದ್ರೆ ಊರಿನ ಸ್ಥಳೀಯ ಆಡಳಿತದ, ಮ್ಯಾಪಲ್ಲಿ ಸಿಗತ್ತೆ, ಒಂದೇ ಊರಲ್ಲಿ ಈ ಬೀದಿ ಒಳಗೆ ಆ ಬೀದಿ ಹೊರಗೆ ಇರೋದೂ ಉಂಟು.

ಎರಡನೇ ತಪ್ಪು 8 ಕಿಲೋವ್ಯಾಟ್. ದೊಡ್ಡದು ತಗೊಂಡ್ರೆ ಇಡೀ ಮನೆ ಬೆಚ್ಚಗಿರತ್ತೆ ಅನ್ನೋ ನಮ್ಮ ಬುದ್ಧಿ. ಇಲ್ಲಿನೋರು ಅಂದಾಜಿಗೆ ಒಂದು ಲೆಕ್ಕ ಹಾಕ್ತಾರೆ: ರೂಮಿನ ಉದ್ದ ಅಗಲ ಎತ್ತರ ಮೀಟರಲ್ಲಿ ಗುಣಿಸಿ 14ರಿಂದ ಭಾಗಿಸಿ. ನಮ್ಮ ಹಾಲಿಗೆ ಬಂದಿದ್ದು ಮೂರು ಕಿಲೋವ್ಯಾಟಿಗೂ ಕಮ್ಮಿ. ಹಚ್ಚಿ ಮುಕ್ಕಾಲು ಗಂಟೆಗೆ ಹಾಲಲ್ಲಿ ಕೂರಕ್ಕಾಗ್ತಿರ್ಲಿಲ್ಲ, ಅಕ್ಷರಶಃ ಬನಿಯನ್ನಲ್ಲಿ ಕೂತು ಹೊರಗಡೆ ಹಿಮ ನೋಡ್ತಿದ್ವಿ. ಸೆಕೆ ಅಂತ ಗಾಳಿ ಮುಚ್ಚೋದು, ಮುಚ್ಚಿದ ತಕ್ಷಣ ಉರಿ ಸತ್ತು ಸೌದೆ ಹೊಗೆಯಾಡೋದು, ಗಾಜು ಕಪ್ಪಗಾಗೋದು. ರಾತ್ರಿ ಎರಡು ದೊಡ್ಡ ತುಂಡು ಹಾಕಿ ಪೂರ್ತಿ ಮುಚ್ಚಿ ಮಲಗಿದ್ರೆ ಬೆಳಿಗ್ಗೆವರೆಗೂ ಕೆಂಡ ಇರೋದು, ಎಷ್ಟು ಜಾಣ ನಾನು ಅಂತ ಖುಷಿ ಬೇರೆ. ಹೊಗೆ ಅಂದ್ರೆ ಉರೀದೇ ಹೋದ ಸೌದೆ ಅಷ್ಟೇ ಕಣ್ರೀ. ಕಟ್ಟಿಗೆ ಕಾದಾಗ ಬರೋ ಅನಿಲಕ್ಕೆ ಶಾಖ ಮತ್ತು ಗಾಳಿ ಎರಡೂ ಸಿಕ್ರೆ ಅದೇ ಜ್ವಾಲೆ, ಸಿಗ್ಲಿಲ್ಲ ಅಂದ್ರೆ ಅದೇ ಹೊಗೆ, ತಣ್ಣಗಿನ ಚಿಮಣಿಗೆ ತಾಗಿ ಅದೇ ಟಾರು. ನಮ್ಮೂರಲ್ಲಿ ಐಐಎಸ್‌ಸಿಯವರು ಮಾಡಿದ ಅಸ್ತ್ರ ಒಲೆ ಬಂದಾಗ ಕೆಳಗೆ ಜಾಲರಿ ಇಟ್ಟು, ಬಾಯಿ ಚಿಕ್ಕದು ಮಾಡಿ, ಹೊಗೆಗೂಡು ಎತ್ತಿ ಕಟ್ಟಿದ್ದೂ ಇದಕ್ಕೇ ತಾನೇ. ಅಡಿಗೆ ಮನೆ ಮಾಡಿಂದ ಇಲ್ಲಣ ನೇತಾಡೋದು ನಿಂತಿದ್ದು ಆಮೇಲೆ. ಇದೆಲ್ಲ ಗೊತ್ತಿದ್ದೂ ಇಲ್ಲಿ ಗಾಜಿನ ಬಾಗ್ಲು ನೋಡಿ ಬುದ್ಧಿ ಮಂಕಾಯ್ತು.

ಮೂರನೇದು ಸೌದೆ. ಮರ ಕಡಿಯೋನೊಬ್ಬ ಒಂದು ಟಿಪ್ಪರ್ ಓಕ್ ಮತ್ತು ಆ್ಯಶ್ ತುಂಡು ಅರ್ಧ ಬೆಲೆಗೆ ತಂದು ಸುರಿದ. ಇಂಗ್ಲೆಂಡಲ್ಲಿ 2021ರ ಮೇ ತಿಂಗಳಿಂದ ಎರಡು ಘನ ಮೀಟರಿಗಿಂತ ಕಮ್ಮಿ ಸೌದೆ ಮಾರಬೇಕು ಅಂದ್ರೆ ತೇವ ಶೇ. 20 ಅಥವಾ ಕಮ್ಮಿ ಇರ್ಬೇಕು, ರೆಡಿ ಟು ಬರ್ನ್ ಅಂತ ಗುರುತು ಹಾಕಿರ್ಬೇಕು. ಅದಕ್ಕಿಂತ ಜಾಸ್ತಿ ಒಂದೇ ಸಲ ತಗೊಂಡ್ರೆ ಹಸಿದೂ ಮಾರಬಹುದು, ಆದ್ರೆ ಹೇಗೆ ಒಣಗಿಸ್ಬೇಕು ಅಂತ ಚೀಟಿ ಕೊಡ್ಬೇಕು. ನನಗೂ ಚೀಟಿ ಕೊಟ್ಟಿದ್ದ. ಅದೇ ಚೀಟೀಲಿ ನಾನು ಒಲೆ ಹಚ್ಚಿದೆ. ತಮಾಷೆ ಅಲ್ಲ, ನಿಜವಾಗ್ಲೂ.

ಅಮ್ಮಂಗೆ ವಿಡಿಯೋ ಕಾಲಲ್ಲಿ ಹೆಮ್ಮೆಯಿಂದ ಒಲೆ ತೋರಿಸ್ದೆ. ಅಮ್ಮ ಒಲೆ ನೋಡ್ಲಿಲ್ಲ, ತುಂಡಿನ ತುದೀಲಿ ಗುಳ್ಳೆ ಗುಳ್ಳೆ ನೀರು ಬರ್ತಿರೋದು ನೋಡಿ "ಸುಂಯ್ ಅಂತಿದ್ಯಲ್ಲೋ, ಹಸಿ ಸೌದೆ ಅದು" ಅಂದ್ರು. ಇಲ್ಲಮ್ಮಾ ಇಲ್ಲಿ ಎಲ್ಲ ಹೀಗೇ ಅಂತ ಬಾಯಿ ಮುಚ್ಚಿಸ್ದೆ. ಒಂದೂಕಾಲು ಸಾವಿರ ಪೌಂಡ್ ಖರ್ಚು ಮಾಡಿರೋನ ಅಹಂಕಾರ ನೋಡಿ.

ಪಕ್ಕದ ಮನೆಯಾಕೆ ಎರಡು ಸಲ ಬಾಗಿಲು ತಟ್ಟಿದ್ರು. ಮೊದಲ ಸಲ ಒಗೆದ ಬಟ್ಟೆ ವಾಸನೆ ಬರ್ತಿದೆ ಅಂತ ನಗ್ತಾನೇ ಹೇಳಿದ್ರು. ಎರಡನೇ ಸಲ ನಗು ಇರ್ಲಿಲ್ಲ, ಮಗಂಗೆ ಅಸ್ತಮಾ, ರಾತ್ರಿ ಇನ್‌ಹೇಲರ್ ಎರಡು ಸಲ ಬೇಕಾಯ್ತು ಅಂದ್ರು. ನಾನು ಏನು ಮಾಡ್ದೆ ಗೊತ್ತಾ, ಒಳಗೆ ಕರ್ದು ಆ ಹಸಿರು ಸ್ಟಿಕ್ಕರ್ ತೋರಿಸ್ದೆ. ಆಕೆ ಸ್ಟಿಕ್ಕರ್ ನೋಡಿದ್ರು, ಕಪ್ಪಗಾದ ಗಾಜು ನೋಡಿದ್ರು, ಒಂದು ಮಾತೂ ಆಡದೆ ಹೋದ್ರು. ಇಡೀ ಕಥೇಲಿ ದುಡ್ಡಿಗಿಂತ ಜಾಸ್ತಿ ಚುಚ್ಚೋದು ನನಗೆ ಇದೇ.

ಜನವರಿಯಲ್ಲಿ ಕೌನ್ಸಿಲ್ ಪತ್ರ ಬಂತು. ಮೊದಲ ಸಲ ಆದ್ರಿಂದ ಎಚ್ಚರಿಕೆ ಅಷ್ಟೇ, ಮುಂದೆ ಹೊಗೆ ಕಂಡ್ರೆ ದಂಡ ಅಂತ. 2022ರಿಂದ ಇಂಗ್ಲೆಂಡಲ್ಲಿ ಇದಕ್ಕೆ ಕೋರ್ಟಿಗೆ ಎಳೀಬೇಕಾಗಿಲ್ಲ, ಕೌನ್ಸಿಲ್ಲೇ 175ರಿಂದ 300 ಪೌಂಡ್ ತನಕ ಹಾಕಬಹುದು. ಪತ್ರ ಬರೆದ ಆಫೀಸರಿಗೆ ಫೋನ್ ಮಾಡಿ ಅಲ್ಲೂ ಇಕೋಡಿಸೈನ್ ರಾಗ ತೆಗ್ದೆ, ಪಾಪ ಆಯಮ್ಮ ತಾಳ್ಮೆಯಿಂದ "ಅದು ಮಾರಾಟದ ನಿಯಮ, ನಾನು ಕೇಳ್ತಿರೋದು ವಿನಾಯಿತಿ, ಮಾಡೆಲ್ ನಂಬರ್ ಓದಿ" ಅಂದ್ರು. ಓದ್ದೆ. ಪಟ್ಟಿಯಲ್ಲಿ ಇರ್ಲಿಲ್ಲ.

ಸರಿ, ಏನಾದ್ರೂ ಕಿಟ್ ಹಾಕಿ ಸರಿ ಮಾಡಕ್ಕಾಗತ್ತಾ ಅಂತ ಹೆಟಾಸ್, ಅಂದ್ರೆ ಇಂಥ ಒಲೆ ಕೂರಿಸೋರನ್ನ ನೋಂದಾಯಿಸೋ ಸಂಸ್ಥೆ, ಅದರ ನೋಂದಣಿ ಇರೋ ಒಬ್ರನ್ನ ಕರ್ಸಿದೆ. ಅವರು ಟಾರ್ಚ್ ಹಿಡ್ಕೊಂಡು ಬಗ್ಗಿ ನೋಡಿ ಒಲೆ ವಿಷಯ ಬಿಟ್ಟು "ಇದನ್ನ ಕೂರಿಸಿದ್ದು ಯಾರು" ಅಂದ್ರು. ಪರಿಚಯದೋನೊಬ್ಬ 450 ಪೌಂಡಿಗೆ ಒಂದೇ ದಿನದಲ್ಲಿ ಕೂರಿಸಿ ಹೋಗಿದ್ದ, ಗೋಡೆ ಕೆಲಸ ಟೈಲ್ಸ್ ಕೆಲಸ ಎಲ್ಲ ಮಾಡೋನು, ಕೆಟ್ಟ ಮನುಷ್ಯ ಏನಲ್ಲ. ಆದ್ರೆ ಚಿಮಣಿ ಒಳಗೆ ಸ್ಟೀಲ್ ಲೈನರ್, ಅಂದ್ರೆ ಹೊಗೆ ಹೋಗೋ ಒಳಕೊಳವೆ, ಇಳಿಸಿರ್ಲಿಲ್ಲ, 90 ವರ್ಷದ ಇಟ್ಟಿಗೆ ಸಂದಿಗೇ ಪೈಪ್ ಕೊಟ್ಟಿದ್ದ. 5 ಕಿಲೋವ್ಯಾಟಿಗಿಂತ ದೊಡ್ಡ ಒಲೆ ಇದ್ರೆ ರೂಮಿಗೆ ಖಾಯಂ ತೆರೆದಿರೋ ಗಾಳಿಕಿಂಡಿ ಬೇಕು, ಅದಿಲ್ಲ. ಕಾರ್ಬನ್ ಮಾನಾಕ್ಸೈಡ್ ಅನ್ನೋ ವಿಷಾನಿಲದ ಅಲಾರಂ ಕಡ್ಡಾಯ, ಅದೂ ಇಲ್ಲ. ಹೊಗೆ ಟೆಸ್ಟ್ ಮಾಡಿದ್ರೆ ಮೇಲಿನ ಬೆಡ್‌ರೂಮಲ್ಲಿ, ಮಗಳು ಮಲಗೋ ರೂಮಲ್ಲಿ, ವಾರ್ಡ್‌ರೋಬ್ ಹಿಂದಿಂದ ತೆಳ್ಳಗೆ ಹೊಗೆ ಬಂತು. ನಾನು ಗಾಳಿ ಮುಚ್ಚಿ ಕೆಂಡ ಉಳಿಸ್ತಿದ್ದ ರಾತ್ರಿಗಳು ನೆನಪಾಗಿ ಕೈಕಾಲು ತಣ್ಣಗಾಯ್ತು. ಹೊಗೆಗೆ ವಾಸನೆ ಇರತ್ತೆ, ಕಾರ್ಬನ್ ಮಾನಾಕ್ಸೈಡಿಗೆ ಇರಲ್ಲ. ಹೆಂಡತಿ ಆ ಎರಡು ತಿಂಗಳು ಬೆಳಿಗ್ಗೆ ಎದ್ರೆ ತಲೆನೋವು ಅಂತಿದ್ಳು, ಹೀಟಿಂಗ್ ಇಲ್ದೆ ಶೀತ ಅಂತ ನಾನು ಕಷಾಯ ಮಾಡ್ಕೊಡ್ತಿದ್ದೆ.

ಅವತ್ತೇ ಒಲೆ ನಿಲ್ಲಿಸಿದ್ವಿ. ಇನ್ನೊಬ್ಬ ಮಾಡಿದ ಕೆಲಸಕ್ಕೆ ಈ ಹೆಟಾಸಿನವರು ನಿಯಮದ ಪ್ರಕಾರ ಕೂರಿಸಿದೆ ಅಂತ ಸರ್ಟಿಫಿಕೇಟ್ ಕೊಡಕ್ಕಾಗಲ್ಲ, ಎಲ್ಲ ಬಿಚ್ಚಿ ಹೊಸದಾಗಿ ಮಾಡ್ಬೇಕು. ಆ ಸರ್ಟಿಫಿಕೇಟ್ ಇಲ್ಲ ಅಂದ್ರೆ ಮುಂದೆ ಮನೆ ಮಾರುವಾಗ ಸಾಲಿಸಿಟರ್, ಅಂದ್ರೆ ವಕೀಲರು, ಕೇಳ್ತಾರೆ, ಬೆಂಕಿ ಗಿಂಕಿ ಆದ್ರೆ ಇನ್ಶೂರೆನ್ಸಿನೋರು ಇನ್ನೂ ಚೆನ್ನಾಗಿ ಕೇಳ್ತಾರೆ. ಅಂಗಡಿಯವರು ಕ್ಲಿಯರೆನ್ಸ್ ಮಾಲು, ಉರಿಸಿಯಾಗಿದೆ, ವಾಪಸ್ ಇಲ್ಲ ಅಂದ್ರು. "ನಡಿಯತ್ತೆ" ಅಂತ ಬರವಣಿಗೆಯಲ್ಲಿ ಏನಾದ್ರೂ ಇದ್ಯಾ ಅಂದ್ರು. ಇರ್ಲಿಲ್ಲ. ಒಂದು ಇಮೇಲ್ ಹಾಕಿ ಕೇಳಿದ್ರೆ ಇರೋದು, ದಯವಿಟ್ಟು ನೀವು ಹಾಕಿ.

ಈಗಿರೋದು 5 ಕಿಲೋವ್ಯಾಟಿಂದು, ಪಟ್ಟಿಯಲ್ಲಿ ಹೆಸರು ನಾನೇ ಮೂರು ಸಲ ನೋಡಿ ತಗೊಂಡಿದ್ದು. ಲೈನರ್, ಅಲಾರಂ, ಸರ್ಟಿಫಿಕೇಟ್ ಎಲ್ಲ ಸೇರಿ 2900 ಪೌಂಡ್, ಹಳೇದು ಹೋಗಿದ್ದು ಬೇರೆ. ಗ್ಯಾಸ್ ಉಳಿಸೋ ಲೆಕ್ಕ ನನ್ನ ಹತ್ರ ಕೇಳ್ಬೇಡಿ. ಹೊಸ ಒಲೆನೂ ಮಂತ್ರದಂಡ ಅಲ್ಲ, ವಿನಾಯಿತಿ ಇದೆ ಅಂತ ಹಸಿ ಸೌದೆ ಹಾಕಿದ್ರೆ ಇದೂ ಹೊಗೆ ಬಿಡತ್ತೆ, ದೊಡ್ಡ ತುಂಡು ಕೆಳಗೆ, ಸಣ್ಣ ಚಕ್ಕೆ ಮೇಲೆ ಇಟ್ಟು ಮೇಲಿಂದ ಹಚ್ಚಿದ್ರೆ ಶುರುವಿನ ಹೊಗೆ ತುಂಬಾ ಕಮ್ಮಿ. ಎಷ್ಟೇ ಚೆನ್ನಾಗಿ ಉರಿಸಿದ್ರೂ ಗ್ಯಾಸ್ ಬಾಯ್ಲರಿಗಿಂತ ಕಣದ ಮಾಲಿನ್ಯ ಬಹಳ ಜಾಸ್ತಿನೇ, ಇದನ್ನ ಯಾವ ಅಂಗಡಿಯೋನೂ ಹೇಳಲ್ಲ, ಅದಕ್ಕೇ ನಾವೀಗ ವಾರಕ್ಕೆ ಒಂದು ದಿನ ಹಚ್ಚಿದ್ರೆ ಹೆಚ್ಚು. ಗಾಳಿ ನಿಂತು ಮಂಜು ಕವಿದ ದಿನ ಹಚ್ಚೋದೇ ಇಲ್ಲ.

ಆ ಟಿಪ್ಪರ್ ಸೌದೆ ಇನ್ನೂ ಹಿತ್ತಲಲ್ಲಿದೆ. ಮಳೆ ಅಂತ ಪ್ಲಾಸ್ಟಿಕ್ ಹೊದಿಸಿ ಸುತ್ತ ಬಿಗಿದು ಕಟ್ಟಿದ್ದೆ, ಅಮ್ಮ ನೋಡಿ "ಅದನ್ನ ಉಸಿರು ಕಟ್ಸಿ ಸಾಯಿಸ್ತಿದೀಯಲ್ಲೋ, ತಲೆ ಮೇಲೆ ಮಾತ್ರ ಹೊದಿಸು, ಪಕ್ಕ ಗಾಳಿಗೆ ಬಿಡು" ಅಂದ್ರು, ಈ ಸಲ ಬಾಯಿ ಮುಚ್ಕೊಂಡು ಮಾಡ್ದೆ. 15 ಪೌಂಡಿನ ತೇವ ಅಳೆಯೋ ಮೀಟರ್ ತಗೊಂಡಿದೀನಿ. ತುಂಡಿನ ಹೊರಮೈಗೆ ಚುಚ್ಚಿದ್ರೆ ಸುಳ್ಳು ಹೇಳತ್ತೆ ಅದು, ಸೀಳಿ ಒಳಗಿನ ಹೊಸ ಮುಖಕ್ಕೆ ಚುಚ್ಚಬೇಕು. ಹೋದ ಭಾನುವಾರ ಒಂದು ಓಕ್ ಸೀಳಿ ನೋಡ್ದೆ, 23 ತೋರಿಸ್ತು. ಎರಡೂ ಹೋಳು ವಾಪಸ್ ಅಲ್ಲೇ ಇಟ್ಟು ಬಂದೆ.