ಪಾಟ್ ಮಣ್ಣಲ್ಲಿ ಹುಳ ಕಂಡರೆ ಪೊಟ್ಟಣದ ಕಾಳು ಔಷಧಿ ಹಾಕಬೇಡಿ

ಹಾಸನದ ಕಡೆ ಮನೆಯಲ್ಲಿ ಗಿಡ ಬೆಳೆಸುವವರು ದಯವಿಟ್ಟು ಇದನ್ನು ಪೂರ್ತಿ ಓದಿ. ಮಣ್ಣಲ್ಲಿ ಸಣ್ಣ ಹುಳ ಓಡಾಡುತ್ತಿವೆ ಅಂತ ಹೆಸರಿಲ್ಲದ ಪೊಟ್ಟಣದ ಕಾಳು ಔಷಧಿಯನ್ನು, ಅಂದರೆ ಕಾಳಿನ ರೂಪದ ಕೀಟನಾಶಕವನ್ನು, ಮನೆಗೆ ತರಲೇಬೇಡಿ. ನಮ್ಮ ಅತ್ತಿಗೆ ಇದರಿಂದ ಆಸ್ಪತ್ರೆ ಸೇರಬೇಕಾಯಿತು.

ಮಳೆಗಾಲ. ಬಿಸಿಲೇ ಇಲ್ಲ, ಪಾಟ್‌ಗಳ ಮಣ್ಣು ಆರುತ್ತಲೇ ಇರಲಿಲ್ಲ. ಸಿಟೌಟ್‌ನಲ್ಲಿ ಆಂಥೂರಿಯಂ, ಕರಿಬೇವು, ದೊಡ್ಡಪತ್ರೆ ಸಾಲಾಗಿದ್ದವು. ನೀರು ಹಾಕಿದರೆ ಸಾಕು, ಸಣ್ಣ ಬಿಳಿ ಹುಳಗಳು ಮಣ್ಣಿನಿಂದ ಎದ್ದು ಚಂಗನೆ ಜಿಗಿಯುತ್ತಿದ್ದವು. ಒಂದು ಆಂಥೂರಿಯಂನ ಎಲೆ ಬೇರೆ ಹಳದಿಯಾಗುತ್ತಿತ್ತು. ಅತ್ತಿಗೆ ಒಂದು ಗೊಬ್ಬರದ ಅಂಗಡಿಯಲ್ಲಿ ಕೇಳಿದ್ದಾರೆ. ಅಲ್ಲಿದ್ದವರು ಡಬ್ಬದಿಂದ ಕಾಳು ತೆಗೆದು ಪೇಪರಲ್ಲಿ ಕಟ್ಟಿ, "ಒಂದೊಂದು ಚಮಚ ಬುಡಕ್ಕೆ ಹಾಕಿ ಅಕ್ಕ, ಆಲೂಗಡ್ಡೆ ಹೊಲಕ್ಕೂ ಇದನ್ನೇ ಹಾಕೋದು, ಒಂದು ಹುಳ ಉಳಿಯಲ್ಲ" ಅಂದರಂತೆ. ಲೇಬಲ್ ಇಲ್ಲ, ಬಿಲ್ ಇಲ್ಲ, ಗ್ಲೌಸ್ ಹಾಕಿಕೊಳ್ಳಿ ಅನ್ನುವ ಒಂದು ಮಾತೂ ಇಲ್ಲ.

ಅವರು ಬರಿಗೈಯಲ್ಲೇ ಮಣ್ಣು ಕೆದಕಿ ಕಾಳು ಬೆರೆಸಿದರು. ಸ್ವಲ್ಪ ಹೊತ್ತಿಗೆ ತಲೆ ಸುತ್ತು, ಮೈಯೆಲ್ಲ ಬೆವರು. ಬಾಯಲ್ಲಿ ನೀರು ಸುರಿಯತೊಡಗಿತು, ಆಮೇಲೆ ವಾಂತಿ. ಆಸ್ಪತ್ರೆಯಲ್ಲಿ ಡಾಕ್ಟರ್ ಟಾರ್ಚ್ ಹಾಕಿ ನೋಡಿದಾಗ ಕಣ್ಣಿನ ಪಾಪೆ ಸಾಸಿವೆ ಕಾಳಿನಷ್ಟಾಗಿತ್ತು. "ಯಾವ ಔಷಧಿ? ಹೆಸರು ಹೇಳಿ" ಅಂತ ಅವರು ಮತ್ತೆ ಮತ್ತೆ ಕೇಳುತ್ತಿದ್ದರು. ನಮ್ಮ ಕೈಲಿ ಇದ್ದದ್ದು ಹಳೇ ಪೇಪರಿನ ಒಂದು ತುಂಡು. ಲಕ್ಷಣ ನೋಡಿಯೇ ಇಂಥ ವಿಷಕ್ಕೆ ಕೊಡುವ ಅಟ್ರೋಪಿನ್ ಇಂಜೆಕ್ಷನ್ ಕೊಟ್ಟು ವಾರ್ಡಿನಲ್ಲಿ ಇಟ್ಟುಕೊಂಡರು. ಈಗ ಹುಷಾರಾಗಿದ್ದಾರೆ.

ಆ ಕಾಳು ಯಾವುದು ಅಂತ ಕೊನೆಗೂ ಗೊತ್ತಾಗಲಿಲ್ಲ. ಹೊಲಗಳಲ್ಲಿ ಬಹಳ ಕಾಲ ಓಡಿದ ಫೋರೇಟ್ ಕಾಳನ್ನು 2020ರ ಡಿಸೆಂಬರ್ 31ರಿಂದ ದೇಶದಲ್ಲೇ ನಿಷೇಧಿಸಿದ್ದಾರೆ. ಅತಿ ಅಪಾಯದ ವಿಷಗಳ ಪಟ್ಟಿಯಲ್ಲಿ ಇರುವಂಥದ್ದು ಅದು. ಇಂಥ ಎಷ್ಟೋ ಕಾಳುಗಳ ವಿಷ ಬೇರಿನಿಂದ ಎಲೆಗೆ ಏರುತ್ತದೆ. ಅದೇ ಕರಿಬೇವನ್ನು ಒಗ್ಗರಣೆಗೆ ಹಾಕಿದ್ದರೆ? ದೊಡ್ಡಪತ್ರೆ ರಸ ಮಗುವಿಗೆ ಕುಡಿಸಿದ್ದರೆ? ನೆನೆಸಿಕೊಂಡರೆ ಈಗಲೂ ಹೊಟ್ಟೆ ಉರಿಯುತ್ತದೆ. ಆ ಗಿಡಗಳನ್ನೆಲ್ಲ ಕಿತ್ತು ಹಾಕಿದೆವು.

ಇಷ್ಟಕ್ಕೂ ಆ ಜಿಗಿಯುವ ಹುಳ ಏನೂ ಮಾಡುವುದಿಲ್ಲ. ಅದನ್ನು ಸ್ಪ್ರಿಂಗ್‌ಟೇಲ್ ಅನ್ನುತ್ತಾರೆ. ಒಂದೆರಡು ಮಿಲಿಮೀಟರ್ ಉದ್ದ, ಬಿಳಿ ಅಥವಾ ಬೂದು ಬಣ್ಣ. ಕೊಳೆತ ಎಲೆ, ಬೂಷ್ಟು ತಿಂದುಕೊಂಡಿರುತ್ತದೆ. ಮಣ್ಣು ಸ್ವಲ್ಪ ಒಣಗಲು ಬಿಟ್ಟರೆ ತಾನಾಗಿ ಕಡಿಮೆಯಾಗುತ್ತದೆ. ಮಣ್ಣಿನ ಮೇಲೆ ನಿಧಾನವಾಗಿ ಹರಿದಾಡುವ ಕಂದು ಬಣ್ಣದ ನುಸಿಗಳೂ ಹೆಚ್ಚಾಗಿ ಹೀಗೆಯೇ, ಅವುಗಳ ತಂಟೆಗೆ ಹೋಗಬೇಕಾಗಿಲ್ಲ.

ಪಾಟ್ ಅಲ್ಲಾಡಿಸಿದರೆ ಸಣ್ಣ ಕಪ್ಪು ನೊಣ ಎದ್ದರೆ ಅದು ಫಂಗಸ್ ನ್ಯಾಟ್. ಅದರ ಮರಿ ಮಣ್ಣಲ್ಲಿರುತ್ತದೆ: ಗಾಜಿನಂಥ ಮೈ, ಕಪ್ಪು ತಲೆ. ದೊಡ್ಡ ಗಿಡಕ್ಕೆ ಅಷ್ಟು ಕಾಟವಿಲ್ಲ, ಸಸಿಗಳ ಎಳೆ ಬೇರನ್ನು ಮಾತ್ರ ತಿನ್ನುತ್ತದೆ. ಪತ್ತೆ ಹಚ್ಚುವುದು ಸುಲಭ. ನಮ್ಮೂರಲ್ಲಿ ಆಲೂಗಡ್ಡೆಗೇನು ಬರ, ಒಂದು ಹೋಳು ಕೊಯ್ದು ಮಣ್ಣಿನ ಮೇಲೆ ಮಗುಚಿ ಇಡಿ. ಒಂದೆರಡು ದಿನ ಬಿಟ್ಟು ಎತ್ತಿ ನೋಡಿ, ಮರಿ ಇದ್ದರೆ ಹೋಳಿನ ಅಡಿಗೆ ಬಂದು ಸೇರಿರುತ್ತವೆ. ಮೇಲಿನ ಒಂದೆರಡು ಇಂಚು ಮಣ್ಣು ಒಣಗಿದ ಮೇಲೆಯೇ ನೀರು ಹಾಕಿ, ತಟ್ಟೆಯಲ್ಲಿ ನಿಂತ ನೀರು ಚೆಲ್ಲಿ. ಹಳದಿ ಅಂಟು ಹಾಳೆ ಸಿಕ್ಕಿಸಿದರೆ ನೊಣಗಳು ಅಂಟಿಕೊಳ್ಳುತ್ತವೆ. ಮೊಟ್ಟೆಯಿಂದ ನೊಣ ಆಗಲು ಮೂರು ನಾಲ್ಕು ವಾರ ಬೇಕು, ಅಲ್ಲಿಯವರೆಗೆ ಬಿಡದೆ ಮಾಡಬೇಕು. ಅರ್ಧ ಕೊಳೆತ ಕಾಫಿ ಸಿಪ್ಪೆ ಗೊಬ್ಬರ ಹಾಕಿದ್ದರೆ ನೊಣ ಇನ್ನೂ ಜಾಸ್ತಿ. ಪೂರ್ತಿ ಕಳಿತ ಗೊಬ್ಬರವನ್ನೇ ಹಾಕಿ.

ನಿಜವಾಗಿ ಹೆದರಬೇಕಾದ್ದು ಬೇರಿನ ರಸ ಹೀರುವ ಹಿಟ್ಟು ತಿಗಣೆಗೆ (ಮೀಲಿಬಗ್). ಅದು ಮೇಲಿನಿಂದ ಕಾಣುವುದೇ ಇಲ್ಲ. ಹಳದಿಯಾಗಿದ್ದ ಆಂಥೂರಿಯಂ ಪಾಟನ್ನು ನಾನು ಗ್ಲೌಸ್ ಹಾಕಿಕೊಂಡು ಬೋರಲು ಹಾಕಿ ನೋಡಿದೆ. ಬೇರುಗಳ ನಡುವೆ ಬಿಳಿ ಹತ್ತಿ ಅಂಟಿದ ಹಾಗಿತ್ತು, ಪಾಟಿನ ಒಳಗೋಡೆಗೂ ಅದೇ ಬಿಳಿ ಪುಡಿ. ತಳದ ತೂತಿನಲ್ಲಿ ಇರುವೆ ಸಾಲು. ಆ ತಿಗಣೆ ಸುರಿಸುವ ಸಿಹಿ ಅಂಟಿಗಾಗಿ ಇರುವೆಗಳು ಅದನ್ನು ಕಾಯುತ್ತವೆ. ಅಷ್ಟೂ ಪಾಟ್‌ಗಳಲ್ಲಿ ರೋಗ ಇದ್ದದ್ದು ಇದೊಂದಕ್ಕೆ!

ಹೀಗಾಗಿದ್ದರೆ ಆ ಪಾಟನ್ನು ಮೊದಲು ಬೇರೆ ಇಡಿ. ಮಣ್ಣೆಲ್ಲ ಉದುರಿಸಿ ಬೇರನ್ನು ನಲ್ಲಿ ಕೆಳಗೆ ತೊಳೆಯಿರಿ, ಕೊಳೆತ ಬೇರು ಕತ್ತರಿಸಿ. ಲೀಟರ್ ನೀರಿಗೆ 5 ಎಂಎಲ್ ಬೇವಿನೆಣ್ಣೆ, ಸ್ವಲ್ಪ ಸೋಪು ಕದಡಿ ಬೇರನ್ನು ಅದ್ದಿ. ಬಿಸಿ ನೀರಲ್ಲಿ ತೊಳೆದ ಪಾಟಿಗೆ ಹೊಸ ಮಣ್ಣು, ಒಂದು ಹಿಡಿ ಬೇವಿನ ಹಿಂಡಿ ಹಾಕಿ ನೆಡಿ. ಹಳೇ ಮಣ್ಣನ್ನು ತೋಟಕ್ಕೆ ಎಸೆಯಬೇಡಿ. ಮೆಣಸಿನ ಬಳ್ಳಿ, ಕಾಫಿ ಬೇರಿಗೂ ಹಿಟ್ಟು ತಿಗಣೆ ಹತ್ತುತ್ತದೆ. ವಿಷದ ಕಾಳು ಬೆರೆತ ಮಣ್ಣಾದರಂತೂ ಬಾವಿ, ಚರಂಡಿ, ಕೋಳಿ ಮೇಯುವ ಜಾಗದ ಹತ್ತಿರಕ್ಕೂ ಒಯ್ಯಬೇಡಿ.

ಕೀಟನಾಶಕದ ಡಬ್ಬದ ಮೇಲೆ ಬಣ್ಣದ ತ್ರಿಕೋನ ಇರುತ್ತದೆ. ಕೆಂಪು ಅತಿ ಹೆಚ್ಚು ವಿಷ, ಆಮೇಲೆ ಹಳದಿ, ನೀಲಿ, ಹಸಿರು. ಬಿಡಿ ಪೊಟ್ಟಣದಲ್ಲಿ ಅದು ಕಾಣುವುದು ಹೇಗೆ? ಯಾರಿಗಾದರೂ ಹೀಗಾದರೆ ಬಟ್ಟೆ ಬದಲಿಸಿ, ಸೋಪು ಹಾಕಿ ಕೈಮೈ ತೊಳೆಸಿ, ಕೂಡಲೇ 108ಕ್ಕೆ ಫೋನ್ ಮಾಡಿ. ಔಷಧಿಯ ಡಬ್ಬವೋ ಪೊಟ್ಟಣವೋ ಇದ್ದರೆ ಆಸ್ಪತ್ರೆಗೆ ಜೊತೆಗೇ ಒಯ್ಯಿರಿ. ಲೇಬಲ್ ಇಲ್ಲದೆ ಕೀಟನಾಶಕ ಮಾರುವುದು ಕಾನೂನಿಗೆ ವಿರುದ್ಧ. ನಾವು ರೈತ ಸಂಪರ್ಕ ಕೇಂದ್ರದಲ್ಲಿ ದೂರು ಬರೆದುಕೊಟ್ಟಿದ್ದೇವೆ. ನಿಮಗೂ ಯಾರಾದರೂ ಹೀಗೆ ಪೊಟ್ಟಣ ಕಟ್ಟಿಕೊಟ್ಟಿದ್ದರೆ, ಬಿಲ್ ಇಲ್ಲದಿದ್ದರೂ ಪರವಾಗಿಲ್ಲ, ಹೋಗಿ ಬರೆದುಕೊಡಿ.